ಟಿಶ್ಯೂ ಪೇಪರಿನಲ್ಲಿ ಸುತ್ತಿಟ್ಟದ್ದು

2024 ನವೆಂಬರ್ 19, ಮಂಗಳವಾರ

ರಾತ್ರಿ 11 ದಾಟಿದೆ. ಎರಡು ಸಲ ಸೋಪು ಹಾಕಿ ತೊಳೆದರೂ ಕೈಯಿಂದ ಕಸದ ಡಬ್ಬಿಯ ವಾಸನೆ ಹೋಗಿಲ್ಲ. ಎಲ್ಲರೂ ಮಲಗಿದ್ದಾರೆ. ನನಗೆ ನಿದ್ದೆ ಬರುವ ಹಾಗಿಲ್ಲ, ಅದಕ್ಕೇ ಬರೆಯಲು ಕೂತೆ.

ಸಂಜೆ ತಂಗಿ ಫೋನ್ ಮಾಡಿದ್ದಳು. ಅವಳ ಮಗಳಿಗೆ ಈಗ 8 ವರ್ಷ. ಮೇಲಿನ ಎರಡು ಮುಂದಿನ ಹಲ್ಲಿನ ನಡುವೆ ಸಂದಿ, ಅಕ್ಕಪಕ್ಕದವು ಬೀಸಣಿಗೆ ಬಿಚ್ಚಿದ ಹಾಗೆ ಆಚೆಗೆ ವಾಲಿಕೊಂಡಿವೆಯಂತೆ. "ಅಕ್ಕಾ, ಈಗಲೇ ಕ್ಲಿಪ್ ಹಾಕಿಸಿಬಿಡಲಾ? ನಿನ್ನ ಮಗನಿಗೆ ತಡ ಮಾಡಿದೆ ಅಂತ ನೀನೇ ಒದ್ದಾಡ್ತಿದ್ದೆ" ಅಂದಳು. ಒದ್ದಾಡಿದ್ದು ನಿಜ. ದೊಡ್ಡವನಿಗೆ ಹಾಕಿಸಿದ್ದು 12ಕ್ಕೆ. ಅದೇನೂ ತಡವಲ್ಲ, 10ರಿಂದ 14ರೊಳಗೆ ಹಾಕಿಸುವವರೇ ಜಾಸ್ತಿ ಅಂತ ಆಮೇಲೆ ಗೊತ್ತಾಯಿತು.

ಸಂದಿಯ ಬಗ್ಗೆ ಅವಳಿಗೆ ಹೇಳಿದೆ, ಸುಮ್ನೆ ಹೆದರಬೇಡ ಅಂತ. ಈ ವಯಸ್ಸಿನಲ್ಲಿ ಕೋರೆಹಲ್ಲುಗಳು ಇನ್ನೂ ಮೇಲೆ, ಒಸಡಿನ ಒಳಗೇ ಇರುತ್ತವೆ. ಕೆಳಗಿಳಿಯುತ್ತಾ ಪಕ್ಕದ ಹಲ್ಲಿನ ಬೇರನ್ನು ಒತ್ತುತ್ತವೆ. ಬೇರು ಒತ್ತಿಕೊಂಡರೆ ತುದಿ ಆಚೆಗೆ ಅಗಲುತ್ತದೆ. 11, 12ರ ಹೊತ್ತಿಗೆ ಕೋರೆಹಲ್ಲು ಪೂರ್ತಿ ಇಳಿದಾಗ ಎಷ್ಟೋ ಮಕ್ಕಳಲ್ಲಿ ಸಂದಿ ತಾನಾಗಿಯೇ ಮುಚ್ಚಿಹೋಗುತ್ತದೆ. ಡಾಕ್ಟರುಗಳು ಇದಕ್ಕೆ 'ಅಗ್ಲಿ ಡಕ್ಲಿಂಗ್' ಹಂತ, ಅಂದರೆ ಕುರೂಪಿ ಬಾತುಮರಿಯ ಹಂತ ಅನ್ನುತ್ತಾರೆ. ಮಗುವಿನ ಎದುರಿಗೆ ಆಡುವ ಮಾತಾ ಅದು? ನಮ್ಮ ಪುಟ್ಟಿ ಒಂದು ವಾರ ಕನ್ನಡಿಯ ಮುಂದೆ "ನಾನು ಬಾತುಕೋಳೀನಾ?" ಅಂತ ಕೇಳುತ್ತಿದ್ದಳು.

ಹಾಗಂತ ತೋರಿಸಲೇಬೇಡ ಅಂತಲೂ ಹೇಳಲಿಲ್ಲ. 7 ವರ್ಷದೊಳಗೆ ಒಂದು ಸಲ ತೋರಿಸಿ ಅಂತ ಅಮೆರಿಕದ ಆರ್ಥೊಡಾಂಟಿಸ್ಟರ, ಅಂದರೆ ಹಲ್ಲು ನೆಟ್ಟಗೆ ಮಾಡುವ ಡಾಕ್ಟರುಗಳ ಸಂಘ ಹೇಳುತ್ತದೆ. ಆದರೆ ತೋರಿಸುವುದು ಬೇರೆ, ಹಾಕಿಸುವುದು ಬೇರೆ. ಆ ಹೊತ್ತಿಗೆ ಮೊದಲ ಶಾಶ್ವತ ದವಡೆ ಹಲ್ಲುಗಳು ಬಂದಿರುತ್ತವೆ, ದವಡೆ ಹೇಗೆ ಕೂತಿದೆ ಅಂತ ನೋಡಬಹುದು. ಒಳಗೆ ಯಾವ ಹಲ್ಲು ಇಲ್ಲ, ಯಾವುದು ಹೆಚ್ಚಿಗೆ ಇದೆ ಅಂತ ಬೇಕಾದರೆ ಎಕ್ಸ್‌ರೇಯಲ್ಲಿ ಕಾಣುತ್ತದೆ. ಬಹಳಷ್ಟು ಮಕ್ಕಳಿಗೆ "ವರ್ಷ ಬಿಟ್ಟು ಬನ್ನಿ" ಅನ್ನುವುದೇ ಉತ್ತರ. ಕಾಯಬಾರದ ಸಂಗತಿಗಳೂ ಇವೆ. ಬಾಯಿ ಮುಚ್ಚಿದಾಗ ಮೇಲಿನ ಹಲ್ಲು ಕೆಳಗಿನದರ ಒಳಕ್ಕೆ ಹೋಗುವುದು, ಬೆರಳು ಚೀಪುವುದು ಇನ್ನೂ ಬಿಡದಿರುವುದು, ಕೆಟ್ಟ ಹಾಲುಹಲ್ಲನ್ನು ಬೇಗ ಕೀಳಿಸಿದ್ದು. ಆ ಖಾಲಿ ಜಾಗಕ್ಕೆ ಪಕ್ಕದ ಹಲ್ಲು ವಾಲಿದರೆ ಕೆಳಗಿನಿಂದ ಬರುವ ಹಲ್ಲಿಗೆ ಜಾಗ ಎಲ್ಲಿ? ತೀರಾ ಉಬ್ಬುಹಲ್ಲಿದ್ದರೂ ಬೇಗ ಯೋಚಿಸಬೇಕು, ಬಿದ್ದರೆ ಮೊದಲು ಏಟು ತಿನ್ನುವುದು ಅದೇ.

"ನೋವಾಗುತ್ತಾ ಅಕ್ಕಾ?"

ಇದಕ್ಕೆ ಮಾತ್ರ ನಾನು ಸುಳ್ಳು ಹೇಳಲ್ಲ. ಹಾಕುವಾಗ ನೋವಿಲ್ಲ, ಬಾಯಿ ತೆರೆದು ತೆರೆದು ದವಡೆ ಸೋಲುತ್ತದೆ ಅಷ್ಟೇ. ನೋವು ಶುರುವಾಗೋದು ಮನೆಗೆ ಬಂದ ಮೇಲೆ. ಮಾರನೆಯ ದಿನ ಇವನು ಬಾಳೆಹಣ್ಣು ಕಚ್ಚಲು ಹೋಗಿ, ಆಗದೆ, ತಟ್ಟೆ ತಳ್ಳಿ ಎದ್ದುಹೋಗಿದ್ದ. 12 ವರ್ಷದ ಹುಡುಗ, ಅಳು ಬಂದದ್ದು ನಾನು ನೋಡಬಾರದು ಅಂತ. ಮೂರು ನಾಲ್ಕು ದಿನಕ್ಕೆ ಸರಿಹೋಯಿತು. ಆಮೇಲೆ ಹಿಂದಿನ ದವಡೆಯ ಹತ್ತಿರ ತಂತಿಯ ತುದಿ ಕೆನ್ನೆಗೆ ಚುಚ್ಚಲು ಶುರುವಾಯಿತು. ಇವರು ಪೆನ್ಸಿಲ್ಲಿನ ರಬ್ಬರ್ ತುದಿಯಿಂದ ಅದನ್ನು ಮೆತ್ತಗೆ ಒಳಕ್ಕೆ ತಳ್ಳಿ, ಮೇಲೆ ಒಂದು ಕಾಳಿನಷ್ಟು ಮೇಣ ಒತ್ತಿದರು. ಆ ಮೇಣದ ಡಬ್ಬಿ ಇನ್ನೂ ಇಲ್ಲೇ ಮೇಜಿನ ಮೇಲಿದೆ. ಅದರಲ್ಲಿ ಇವನ ಹೆಬ್ಬೆರಳಿನ ಗುರುತು.

ಆಗ ಆತುರ ಪಡುತ್ತಿದ್ದವಳು ನಾನೇ. ಸ್ವಲ್ಪ ಬಿಗಿ ಮಾಡಿ ಬೇಗ ಮುಗಿಸಬಾರದಾ ಅಂತ ಡಾಕ್ಟರನ್ನು ಕೇಳಿದ್ದೆ. ಅವರು ನಕ್ಕರು. ಹಲ್ಲು ಎಲುಬಿನಲ್ಲಿ ಮೊಳೆ ಹೊಡೆದ ಹಾಗೆ ಕೂತಿಲ್ಲ. ಒತ್ತಡ ಬಿದ್ದ ಕಡೆ ಎಲುಬು ಕರಗಬೇಕು, ಇನ್ನೊಂದು ಕಡೆ ಹೊಸ ಎಲುಬು ತುಂಬಬೇಕು, ಹಾಗೆ ಹಲ್ಲು ಸರಿಯುತ್ತದೆ. ತಿಂಗಳಿಗೆ ಹೆಚ್ಚು ಕಡಿಮೆ 1 ಮಿಲಿಮೀಟರ್. ಜೋರಾಗಿ ಎಳೆದರೆ ಬೇಗ ಬರಲ್ಲ, ಬೇರಿಗೇ ತೊಂದರೆ. 22 ತಿಂಗಳು ಹಿಡಿಯಿತು. ತಿಂಗಳಿಗೊಮ್ಮೆ, ಕೆಲವೊಮ್ಮೆ ಒಂದೂವರೆ ತಿಂಗಳಿಗೊಮ್ಮೆ ಹೋಗಿ ಬರುವುದು. ಅದೆಲ್ಲ ಈಗ ನೆನಪೂ ಸರಿಯಾಗಿಲ್ಲ.

ನೆನಪಿರುವುದು ಒಂದು ಹಲ್ಲು. ಕ್ಲಿಪ್ ಬಿಚ್ಚಿದ ದಿನ ಮೇಲಿನ ಎಡ ಕೋರೆಹಲ್ಲಿನ ಮೇಲೆ ಬಿಳಿ ಕಲೆ ಕಂಡಿತು. ಲೋಹದ ಚೌಕ ಅಂಟಿದ್ದ ಜಾಗ ಚೆನ್ನಾಗಿದೆ, ಅದರ ಸುತ್ತ ಸೀಮೆಸುಣ್ಣದ ಬಣ್ಣ. ಸರಿಯಾಗಿ ಬ್ರಶ್ ಮಾಡದೆ ಹಲ್ಲಿನ ಮೇಲ್ಪದರದಿಂದ ಖನಿಜ ಕರಗಿಹೋದ ಗುರುತಂತೆ, ಹುಳುಕಿನ ಮೊದಲ ಹೆಜ್ಜೆ. ಪೂರ್ತಿ ಅಳಿಸಿಹೋಗುತ್ತೆ ಅನ್ನುವ ಭರವಸೆ ಯಾರೂ ಕೊಡಲಿಲ್ಲ. ತಂತಿಯ ಕೆಳಗೆ ನುಗ್ಗುವ ಸಣ್ಣ ಬ್ರಶ್ಶನ್ನು ಡಾಕ್ಟರು ಮೊದಲ ದಿನವೇ ಕೊಟ್ಟಿದ್ದರು. ರಾತ್ರಿ ಅದರಲ್ಲಿ ಉಜ್ಜಿದೆಯಾ ಅಂತ ನಾನು ಕೇಳುತ್ತಿದ್ದೆ, ಹೂಂ ಅನ್ನುತ್ತಿದ್ದ. ಹೋಗಿ ನೋಡುತ್ತಿರಲಿಲ್ಲ. ತಂಗಿಗೆ ಹೇಳಿದೆ, ಹಾಕಿಸುವ ದಿನ ಬಂದರೆ, ನಿನ್ನ ಮಗಳು ಹೂಂ ಅಂದರೆ ಸಾಕು ಅಂದ್ಕೋಬೇಡ, ಬಾಯಿ ತೆರೆಸಿ ನೋಡು.

ಕೊನೆಗೆ ರಿಟೇನರ್ ಬಗ್ಗೆ, ಅಂದರೆ ನೆಟ್ಟಗಾದ ಹಲ್ಲು ಮತ್ತೆ ಸರಿಯದ ಹಾಗೆ ಹಾಕಿಕೊಳ್ಳುವ ಕವಚದ ಬಗ್ಗೆ ಭಾಷಣ ಬಿಗಿದೆ. ಕ್ಲಿಪ್ ಬಿಚ್ಚಿದರೆ ಮುಗಿಯಲ್ಲ ಕಣೇ, ಅಸಲಿ ಕೆಲಸ ಆಮೇಲೆ ಅಂತ. ಫೋನ್ ಇಟ್ಟಾಗ ನನ್ನ ಬಗ್ಗೆ ನನಗೇ ಸ್ವಲ್ಪ ಹೆಮ್ಮೆ.

ಊಟ ಆಗಿ ಅರ್ಧ ಗಂಟೆಯಾಗಿತ್ತು. ದೊಡ್ಡವನು ಬಂದು ಬಾಗಿಲ ಹತ್ತಿರ ನಿಂತ.

"ಅಮ್ಮಾ, ಬೈಯಬಾರದು."

"ಏನೋ?"

"ರಿಟೇನರ್ ಸಿಕ್ತಿಲ್ಲ."

"ಊಟಕ್ಕೆ ಕೂತಾಗ ಎಲ್ಲಿಟ್ಟೆ?"

"ಟಿಶ್ಯೂನಲ್ಲಿ ಸುತ್ತಿ ತಟ್ಟೆ ಪಕ್ಕ ಇಟ್ಟಿದ್ದೆ."

ಟೇಬಲ್ ಒರೆಸಿದ್ದು ನಾನೇ. ಮುದ್ದೆಯಾದ ಟಿಶ್ಯೂ ಕಂಡರೆ ಯಾರು ಬಿಚ್ಚಿ ನೋಡುತ್ತಾರೆ? ಡಬ್ಬಿ ಕೊಟ್ಟಿದ್ದಾರೆ, ನೀಲಿ ಬಣ್ಣದ್ದು, ಅವನ ಬ್ಯಾಗಿನಲ್ಲೇ ಇದೆ. ನಾನೇನೂ ಹೇಳಲಿಲ್ಲ. ಹಳೆ ಪೇಪರ್ ಹಾಸಿ ಕಸ ಸುರುವಿದೆ. ಇಬ್ಬರೂ ಕುಕ್ಕರಗಾಲಲ್ಲಿ ಕೂತು ತರಕಾರಿ ಸಿಪ್ಪೆ ಸರಿಸುತ್ತಾ ಹುಡುಕಿದೆವು. ಗಾಜಿನಂಥ ತೆಳ್ಳಗಿನ ಪ್ಲಾಸ್ಟಿಕ್ ಅದು, ಸುಲಭಕ್ಕೆ ಕಾಣಲ್ಲ.

"ಹಲ್ಲು ನೆಟ್ಟಗಾಯ್ತಲ್ಲಮ್ಮಾ. ಒಂದೆರಡು ದಿನ ಹಾಕದಿದ್ರೆ ಏನಾಗತ್ತೆ?"

ನನಗೆ ಗೊತ್ತಿದ್ದಷ್ಟು ಹೇಳಿದೆ. ಹಲ್ಲಿನ ಸುತ್ತ ಒಸಡಿನಲ್ಲಿ ನಾರುಗಳಿವೆ, ಎಳೆದ ರಬ್ಬರಿನ ಹಾಗೆ ಅವು ಹಳೇ ಜಾಗಕ್ಕೇ ಎಳೆಯುತ್ತಿರುತ್ತವೆ. ಹೊಸ ಜಾಗಕ್ಕೆ ಒಗ್ಗಿಕೊಳ್ಳಲು ಒಂದು ವರ್ಷದವರೆಗೂ ಬೇಕು. ಕ್ಲಿಪ್ ಬಿಚ್ಚಿ ಇವತ್ತಿಗೆ ಬರೀ 3 ವಾರ.

"ವರ್ಷ ಆದ್ಮೇಲೆ ಬೇಡ್ವಾ?"

"ರಾತ್ರಿ ಹೊತ್ತು ಬೇಕು."

"ಎಷ್ಟು ವರ್ಷ?"

ನಾನು ಸಿಪ್ಪೆ ನೋಡುತ್ತಾ ಕೂತೆ. ಹಲ್ಲು ನೆಟ್ಟಗಿರಬೇಕು ಅಂತ ಎಲ್ಲಿಯವರೆಗೆ ಇಷ್ಟವೋ ಅಲ್ಲಿಯವರೆಗೆ ಅಂದಿದ್ದರು ಡಾಕ್ಟರು. 14 ವರ್ಷದವನಿಗೆ ಅದನ್ನು ಹೇಗೆ ಹೇಳೋದು. ಅವನೇ ಅಂದ, "ಇದೆಲ್ಲ ಹಾಕೋ ಮುಂಚೆ ನನ್ನ ಯಾರೂ ಕೇಳಲಿಲ್ಲ." ಸಿಟ್ಟಿನಿಂದ ಅಂದದ್ದಲ್ಲ. ಸುಮ್ನೆ, ಒಂದು ಲೆಕ್ಕ ಹೇಳುವ ಹಾಗೆ.

ನಿಜ, ಕೇಳಿರಲಿಲ್ಲ. ಲೋಹದ್ದಾ, ಹಲ್ಲಿನ ಬಣ್ಣದ್ದಾ ಅಂತ ಕೇಳಿದ್ದೆವು. ರಬ್ಬರ್ ಯಾವ ಬಣ್ಣ ಅಂತ ಕೇಳಿದ್ದೆವು. 22 ತಿಂಗಳು ದಿನಾ ಉಜ್ಜಬೇಕಾದವನು, ಗಟ್ಟಿ ಪದಾರ್ಥ ಬಿಡಬೇಕಾದವನು, ಇನ್ನು ಮುಂದೆ ಪ್ರತಿ ರಾತ್ರಿ ನೆನಪಿಟ್ಟು ಹಾಕಿಕೊಳ್ಳಬೇಕಾದವನು ಅವನು. ನಾವು ಕರೆದುಕೊಂಡು ಹೋಗಿ ಕುರ್ಚಿಯಲ್ಲಿ ಕೂರಿಸಿದವರು.

ಸಿಕ್ಕಿತು. ಮುದ್ದೆ ಟಿಶ್ಯೂನೊಳಗೇ, ಒಂದು ಗೀರೂ ಇಲ್ಲದೆ. ಇಬ್ಬರೂ ಕಿರುಚಿದ್ದಕ್ಕೆ ಪುಟ್ಟಿ ಎದ್ದು ಬಂದಳು. ನನಗೆ ಎಷ್ಟು ಖುಷಿ ಅಂದರೆ, "ಕಸದಲ್ಲಿ ಬಿದ್ದಿದ್ದು, ಕೊಡು ಇಲ್ಲಿ" ಅಂತ ಕಿತ್ತುಕೊಂಡು, ಕುದಿಯುವ ನೀರು ಬಟ್ಟಲಿಗೆ ಸುರಿದು, ಅದರಲ್ಲಿ ಹಾಕಿಬಿಟ್ಟೆ.

ಬಿಸಿನೀರು ತಾಗಿಸಬೇಡಿ ಅಂತ ಡಬ್ಬಿಯ ಜೊತೆ ಕೊಟ್ಟ ಚೀಟಿಯಲ್ಲಿತ್ತು. ಆ ಚೀಟಿಯನ್ನು ಫ್ರಿಜ್ಜಿನ ಮೇಲೆ ಅಂಟಿಸಿದವಳೂ ನಾನೇ.

ಹೊರಗೆ ತೆಗೆದಾಗ ಒಣಗಿದ ಎಲೆಯ ಹಾಗೆ ಅಂಚು ಒಳಕ್ಕೆ ಮಡಚಿಕೊಂಡಿತ್ತು. ಅವನು ಒತ್ತಿ ನೋಡಿದ. ಒಂದು ಕಡೆ ಕೂತರೆ ಇನ್ನೊಂದು ಕಡೆ ಏಳುತ್ತದೆ. "ಬಲವಂತ ಮಾಡಬೇಡ, ತೆಗಿ" ಅಂದೆ. ನನ್ನ ಮುಖ ನೋಡಿದ. ಆಮೇಲೆ ನಗಲು ಶುರು ಮಾಡಿದ, ನಿಲ್ಲಿಸಲೇ ಇಲ್ಲ. ಎಲ್ಲ ಹಲ್ಲೂ ಕಾಣುವ ಹಾಗೆ. ಆ ನಗು ನೋಡಿ ಎಷ್ಟು ದಿನ ಆಗಿತ್ತು.

ಕೆಳಗಿನ ಹಲ್ಲಿನ ಹಿಂದೆ ಅಂಟಿಸಿದ ತಂತಿ ಇದೆ, ಅದನ್ನು ನಮ್ಮಿಬ್ಬರಿಂದಲೂ ಹಾಳು ಮಾಡಲು ಆಗಲ್ಲ. ಮೇಲಿನದಕ್ಕೆ ನಾಳೆ ಬಾಗಿಲು ತೆಗೆದ ಕೂಡಲೇ ಫೋನ್ ಮಾಡಬೇಕು. ಹೊಸ ಅಚ್ಚು ತೆಗೆಯುವವರೆಗೆ ಎಷ್ಟು ದಿನವೋ. ಆ ದಿನಗಳಲ್ಲಿ

ಈಗ ಬಚ್ಚಲುಮನೆಯ ದೀಪ ಹತ್ತಿತು. ಕನ್ನಡಿಯ ಮುಂದೆ ನಿಂತಿದ್ದಾನೆ ಅಂತ ಕಾಣುತ್ತೆ. "ಅಮ್ಮಾ, ಇಲ್ಲಿ ಬಾ ಒಂದು ನಿಮಿಷ" ಅಂತಿದ್ದಾನೆ.