ಉರ್ದುವಿಗೆ ಸರ್ಕಾರ ಹಾಕುವ ದುಡ್ಡಿನಿಂದ ಏನಾದರೂ ಆಗಿದೆಯಾ?

ನಾನು ಉರ್ದುವಿನಿಂದ ಕನ್ನಡಕ್ಕೆ ಅನುವಾದ ಮಾಡುತ್ತೇನೆ ಅಂತ ಗೊತ್ತಾದ ಕೂಡಲೇ ಜನ ಕೇಳುವುದು ಇದನ್ನೇ: "ಸರ್ಕಾರ ಉರ್ದುವಿಗೆ ಅಷ್ಟೊಂದು ದುಡ್ಡು ಹಾಕುತ್ತಲ್ಲ, ಅದರಿಂದ ಏನಾದರೂ ಆಗಿದೆಯಾ?" ಕೇಳುವವರಲ್ಲಿ ಎರಡು ಥರ. ಕೆಲವರಿಗೆ ಒಳಗೊಳಗೇ ಸಿಟ್ಟು, ಕನ್ನಡಕ್ಕಿಲ್ಲದ ಉಪಚಾರ ಅದಕ್ಕೆ ಯಾಕೆ ಅಂತ. ಇನ್ನು ಕೆಲವರಿಗೆ ಗಜಲ್ ಅಂದರೆ ಪ್ರಾಣ, ಆ ಭಾಷೆ ಉಳಿಯಲಿ ಅನ್ನುವ ಆಸೆ. ಇಬ್ಬರಿಗೂ ನಾನು ಹೇಳುವುದು ಒಂದೇ. ಅಕಾಡೆಮಿಗೆ, ಪ್ರಶಸ್ತಿಗೆ, ಮುಷಾಯಿರಾಗೆ (ಉರ್ದು ಕವಿಗೋಷ್ಠಿಗೆ), ಕಚೇರಿ ಬೋರ್ಡಿಗೆ ಹಾಕಿದ ದುಡ್ಡಿನಿಂದ ಹೇಳಿಕೊಳ್ಳುವಂಥದ್ದು ಏನೂ ಆಗಿಲ್ಲ. ಆರು ವರ್ಷದ ಮಗುವಿಗೆ ಅಲಿಫ್, ಬೇ ಅಂತ ಉರ್ದು ಅಕ್ಷರ ಹೇಳಿಕೊಡುವ ಮೇಷ್ಟ್ರಿಗೆ ಸಂಬಳ ಕೊಟ್ಟ ಕಡೆ ಆಗಿದೆ. ಉರ್ದು ಓದಿದವನಿಗೆ ಒಂದು ಕೆಲಸ ಸಿಕ್ಕ ಕಡೆ ಆಗಿದೆ. ಅಷ್ಟೇ.

ಸರ್ಕಾರ ಅಂದರೆ ಯಾವ ಸರ್ಕಾರ ಅಂತ ಮೊದಲು ನೋಡೋಣ. ಕೇಂದ್ರದ ಲೆಕ್ಕದಲ್ಲಿ ಮುಖ್ಯವಾದದ್ದು ದೆಹಲಿಯಲ್ಲಿರುವ ರಾಷ್ಟ್ರೀಯ ಉರ್ದು ಭಾಷಾ ಪ್ರೋತ್ಸಾಹ ಮಂಡಳಿ. 1969ರಲ್ಲಿ ತರಕ್ಕಿ ಉರ್ದು ಬೋರ್ಡ್ ಅಂತ ಶುರುವಾಗಿದ್ದು 1996ರಲ್ಲಿ ಈ ರೂಪಕ್ಕೆ ಬಂತು. ಪುಸ್ತಕ ಪ್ರಕಟಿಸುತ್ತದೆ, 'ಉರ್ದು ದುನಿಯಾ' ಅನ್ನುವ ತಿಂಗಳ ಪತ್ರಿಕೆ ತರುತ್ತದೆ, ಬೇರೆಯವರ ಪುಸ್ತಕಗಳನ್ನು ಸಗಟಾಗಿ ಕೊಂಡು ಲೈಬ್ರರಿಗಳಿಗೆ ಕಳಿಸುತ್ತದೆ. ಈ ಸಗಟು ಖರೀದಿ ಒಂದು ವಿಚಿತ್ರ ವ್ಯವಸ್ಥೆ. ಓದುಗರು ಕೊಳ್ಳದಿದ್ದರೂ ಪುಸ್ತಕ ಮಾರಾಟವಾಗುತ್ತದೆ. ಹಾಗಾಗಿ ಲೇಖಕನ ಕಣ್ಣು ಓದುಗನ ಮೇಲಿರುವುದಿಲ್ಲ, ಸಮಿತಿಯ ಮೇಲಿರುತ್ತದೆ. 2016ರಲ್ಲಂತೂ ಮಂಡಳಿ ಈ ಯೋಜನೆಗೆ ಬರುವ ಲೇಖಕರಿಂದ, ತಮ್ಮ ಪುಸ್ತಕದಲ್ಲಿ ಸರ್ಕಾರದ ನೀತಿಗೆ ವಿರುದ್ಧವಾದದ್ದೇನೂ ಇಲ್ಲ ಅಂತ ಬರೆಸಿಕೊಳ್ಳಲು ಹೊರಟು ದೊಡ್ಡ ಗಲಾಟೆಯೇ ಆಯಿತು. ಲೈಬ್ರರಿ ಸಗಟು ಖರೀದಿಯ ಕಥೆ ಕನ್ನಡದವರಿಗೆ ನಾನು ಬಿಡಿಸಿ ಹೇಳಬೇಕಾಗಿಲ್ಲ, ಅಲ್ವಾ?

ಇದೇ ಮಂಡಳಿಯ ಇನ್ನೊಂದು ಕೆಲಸದ ಬಗ್ಗೆ ಯಾರೂ ಮಾತಾಡುವುದಿಲ್ಲ. ನನ್ನ ಪ್ರಕಾರ ಅದು ಅವರ ಅತ್ಯಂತ ಜಾಣ ಕೆಲಸ. ಊರೂರಿನ ಸಂಘ ಸಂಸ್ಥೆಗಳ ಮೂಲಕ ಒಂದು ವರ್ಷದ ಕಂಪ್ಯೂಟರ್ ಕೋರ್ಸ್ ನಡೆಸುತ್ತಾರೆ. ಲೆಕ್ಕಪತ್ರ, ಆಫೀಸ್ ಸಾಫ್ಟ್‌ವೇರ್, ಹಲವು ಭಾಷೆಗಳ ಡಿಟಿಪಿ, ಜೊತೆಗೆ ಉರ್ದು. ಮಸೀದಿ ಪಕ್ಕದ ಗಲ್ಲಿಯಲ್ಲಿ, ಬಟ್ಟೆ ಅಂಗಡಿಯ ಮೇಲಿನ ಮಹಡಿಯಲ್ಲಿ ಇಂಥ ಒಂದು ಸೆಂಟರ್ ನೋಡಿದ್ದೇನೆ. ಹುಡುಗಿಯರೇ ಜಾಸ್ತಿ. ಯಾರೂ ಭಾಷಾಪ್ರೇಮದಿಂದ ಬಂದವರಲ್ಲ, ಸರ್ಟಿಫಿಕೇಟಿಗೆ ಬಂದವರು. ಆದರೆ ಉರ್ದು ಟೈಪ್ ಮಾಡುವ ಇನ್‌ಪೇಜ್ ಸಾಫ್ಟ್‌ವೇರ್ ತೆರೆದು ಮದುವೆ ಕಾರ್ಡು ಟೈಪ್ ಮಾಡಬೇಕಾದರೆ ಲಿಪಿ ಸರಿಯಾಗಿ ಬರಲೇಬೇಕು. ಒಂದು ಚುಕ್ಕೆ ತಪ್ಪಿದರೆ ವರನ ಹೆಸರೇ ಬದಲಾಗುತ್ತದೆ. ಮನೆಯಲ್ಲಿ ಮಾತಾಡಿದರೂ ಬರೆಯಲು ಬಾರದ ಹುಡುಗಿ ಅಲ್ಲಿ ಕೂತು ಕಲಿತಳು. ಹತ್ತು ಮುಷಾಯಿರಾ ಮಾಡಲಾಗದ ಕೆಲಸ ಅದು.

ಈಗ ರಾಜ್ಯಗಳಿಗೆ ಬರೋಣ. ಉರ್ದು ಪ್ರೋತ್ಸಾಹ ಅಂದಾಗ ಹೆಚ್ಚಿನವರ ತಲೆಯಲ್ಲಿ ಬರುವುದು 'ಎರಡನೆಯ ಅಧಿಕೃತ ಭಾಷೆ' ಅನ್ನುವ ಪಟ್ಟ. ಬಿಹಾರ 1980ರ ದಶಕದ ಆರಂಭದಲ್ಲೇ ಕೊಟ್ಟಿತು. ಉತ್ತರ ಪ್ರದೇಶ 1989ರಲ್ಲಿ ಕೊಟ್ಟಿತು. ಅದನ್ನು ಪ್ರಶ್ನಿಸಿ ಹಿಂದಿ ಸಾಹಿತ್ಯ ಸಮ್ಮೇಳನ ಅನ್ನುವ ಸಂಸ್ಥೆ ಕೋರ್ಟಿಗೆ ಹೋಯಿತು. ಪಟ್ಟ ಸರಿಯಾಗಿದೆ ಅಂತ ಸುಪ್ರೀಂ ಕೋರ್ಟ್ ಹೇಳಿದ್ದು 2014ರಲ್ಲಿ. ಇಪ್ಪತ್ತೈದು ವರ್ಷ ವಾದ ನಡೆಯಿತು. ಅಷ್ಟರಲ್ಲಿ ಲಖನೌದಲ್ಲಿ ಏನಾಗಿತ್ತು? ಉರ್ದು ಅನುವಾದಕರು ಅಂತ ನೇಮಕವಾದವರು ಸರ್ಕಾರಿ ಕಚೇರಿಗಳಲ್ಲಿ ಹಿಂದಿ ಫೈಲು ಬರೆಯುತ್ತಾ ಕೂತಿದ್ದರು. ಉರ್ದುವಿನಲ್ಲಿ ಅರ್ಜಿ ಬಂದರೆ ತಾನೇ ಅನುವಾದ ಮಾಡುವುದು? ಅರ್ಜಿ ಬರೆಯಲು ಬರುವವರೇ ಕಡಿಮೆಯಾಗಿದ್ದರು. ಯಾಕೆಂದರೆ ಅಲ್ಲಿನ ಶಾಲೆಗಳಲ್ಲಿ ತ್ರಿಭಾಷಾ ಸೂತ್ರದ ಮೂರನೆಯ ಜಾಗವನ್ನು ಬಹುಪಾಲು ಸಂಸ್ಕೃತಕ್ಕೆ ಕೊಟ್ಟಾಗಿತ್ತು.

ಜನಗಣತಿ ನೋಡಿ. ದೇಶದಲ್ಲಿ ಉರ್ದು ಮಾತೃಭಾಷೆ ಅಂತ ಬರೆಸಿದವರು 2001ರಲ್ಲಿ 5.15 ಕೋಟಿ, 2011ರಲ್ಲಿ 5.08 ಕೋಟಿ. ಒಟ್ಟು ಜನಸಂಖ್ಯೆ ಏರಿದ ಆ ಹತ್ತು ವರ್ಷದಲ್ಲಿ ಉರ್ದುವಿನ ಸಂಖ್ಯೆ ಇಳಿಯಿತು. ಉತ್ತರ ಪ್ರದೇಶದಲ್ಲಿ ಆಗ ಮುಸ್ಲಿಮರು 3.85 ಕೋಟಿ, ಉರ್ದು ಬರೆಸಿದವರು 1.08 ಕೋಟಿ. ಕರ್ನಾಟಕದಲ್ಲಿ ಮುಸ್ಲಿಮರು ಸುಮಾರು 79 ಲಕ್ಷ, ಉರ್ದು ಬರೆಸಿದವರು 66 ಲಕ್ಷ. ಉರ್ದು ಮುಸ್ಲಿಮರದಷ್ಟೇ ಭಾಷೆಯಲ್ಲ. ಜ್ಞಾನಪೀಠ ಪಡೆದ ಮೊದಲ ಉರ್ದು ಕವಿ ಫಿರಾಕ್ ಗೋರಖ್‌ಪುರಿಯ ನಿಜ ಹೆಸರು ರಘುಪತಿ ಸಹಾಯ್. ಆದರೂ ಹೋಲಿಸಿ ನೋಡಲು ಈ ಲೆಕ್ಕ ಸಾಕು. ಉರ್ದುವಿನ ತವರುಮನೆ ಅನ್ನಿಸಿಕೊಂಡ ಕಡೆ ಕಾಲು ಭಾಗದ ಆಸುಪಾಸು. ದಕ್ಷಿಣದಲ್ಲಿ, ಕನ್ನಡದ ನಾಡಿನಲ್ಲಿ, ಶೇಕಡ 80ಕ್ಕಿಂತ ಜಾಸ್ತಿ.

ಇದರ ಪೂರ್ತಿ ಶ್ರೇಯಸ್ಸನ್ನು ನಮ್ಮ ಸರ್ಕಾರಕ್ಕೆ ಕೊಡಲು ನಾನು ತಯಾರಿಲ್ಲ. ಇಲ್ಲಿ ಮನೆಮನೆಯಲ್ಲಿ ಆಡುವುದು ದಖನಿ, ಅಂದರೆ ದಕ್ಷಿಣದ ಆಡುಮಾತಿನ ಉರ್ದು. ಅದಕ್ಕೂ ಕನ್ನಡಕ್ಕೂ ನಡುವೆ ಅಂತರ ಎದ್ದು ಕಾಣುತ್ತದೆ, ಹಾಗಾಗಿ ಗಣತಿಯವರು ಬಂದಾಗ ಉರ್ದು ಅಂತಲೇ ಬರೆಸುತ್ತಾರೆ. ಉತ್ತರದಲ್ಲಿ ಅಕ್ಕಪಕ್ಕದ ಎರಡು ಮನೆಯ ಮಾತು ಹೆಚ್ಚು ಕಡಿಮೆ ಒಂದೇ, ಬೇರೆ ಇರುವುದು ಲಿಪಿ. ಶಾಲೆ ಲಿಪಿ ಕಲಿಸುವುದನ್ನು ನಿಲ್ಲಿಸಿದರೆ ಅದೇ ಮಾತು ಹಿಂದಿ ಅನ್ನಿಸಿಕೊಳ್ಳುತ್ತದೆ. ಆದರೆ ಇಷ್ಟಂತೂ ನಿಜ: ಕರ್ನಾಟಕದಲ್ಲಿ ಸಾವಿರಾರು ಸರ್ಕಾರಿ ಉರ್ದು ಪ್ರಾಥಮಿಕ ಶಾಲೆಗಳಿವೆ, ಸದ್ದುಗದ್ದಲ ಇಲ್ಲದೆ ದಶಕಗಳಿಂದ ನಡೆದು ಬಂದಿವೆ. ಇಲ್ಲಿ ಉರ್ದುವಿಗೆ ಆ ಪಟ್ಟ ಇಲ್ಲ. ಪಟ್ಟ ಇದ್ದರೂ ಉತ್ತರ ಪ್ರದೇಶದಲ್ಲಿ ಇಷ್ಟು ಶಾಲೆ ಇಲ್ಲ.

ಹೀಗೆ ಮಾಡಿ ಅಂತ ಯಾರೂ ಹೇಳಲಿಲ್ಲವಾ ಅಂದರೆ, ಹೇಳಿದ್ದರು. 1972ರಲ್ಲಿ ಕೇಂದ್ರ ಸರ್ಕಾರ ಐ.ಕೆ. ಗುಜ್ರಾಲ್ ಅಧ್ಯಕ್ಷತೆಯಲ್ಲಿ ಸಮಿತಿ ಮಾಡಿತು. ಉರ್ದು ಮಾತಾಡುವವರು ಶೇಕಡ 10 ಇರುವ ಕಡೆ ಪ್ರಾಥಮಿಕ ಶಾಲೆಯಲ್ಲಿ ಉರ್ದುವಿನ ವ್ಯವಸ್ಥೆ ಮಾಡಿ ಅನ್ನುವುದೂ ಸೇರಿ ನೂರಕ್ಕೂ ಹೆಚ್ಚು ಶಿಫಾರಸು ಮಾಡಿ 1975ರಲ್ಲಿ ವರದಿ ಕೊಟ್ಟರು. 1990ರಲ್ಲಿ, ಆ ವರದಿ ಎಷ್ಟು ಜಾರಿಯಾಗಿದೆ ಅಂತ ನೋಡಲು ಕವಿ ಅಲಿ ಸರ್ದಾರ್ ಜಾಫ್ರಿ ಅಧ್ಯಕ್ಷತೆಯಲ್ಲಿ ಇನ್ನೊಂದು ಸಮಿತಿ. ಆಗಿರಲಿಲ್ಲ ಅನ್ನುವುದನ್ನು ಬೇರೆ ಹೇಳಬೇಕೇ.

ಒಂದು ಸರ್ಕಾರ ಮನಸ್ಸಿಟ್ಟು ಉರ್ದುವನ್ನು ಬೆಳೆಸಿದ ದೊಡ್ಡ ಉದಾಹರಣೆ ಬೇಕಾದರೆ ದೆಹಲಿಗೆ ಹೋಗಬೇಕಿಲ್ಲ, ನಮ್ಮ ಕಲಬುರಗಿಯ ಕಡೆ ತಿರುಗಿದರೆ ಸಾಕು. ಬೀದರ್, ಕಲಬುರಗಿ, ರಾಯಚೂರು 1948ರವರೆಗೆ ನಿಜಾಮನ ಆಳ್ವಿಕೆಯಲ್ಲಿದ್ದವು. 1880ರ ದಶಕದಲ್ಲಿ ಅಲ್ಲಿ ಆಡಳಿತದಿಂದ ಫಾರ್ಸಿಯನ್ನು, ಅಂದರೆ ಪರ್ಷಿಯನ್ ಭಾಷೆಯನ್ನು, ತೆಗೆದು ಉರ್ದು ತಂದರು. 1917ರಲ್ಲಿ ಅನುವಾದಕ್ಕೇ ಒಂದು ಇಲಾಖೆ, ದಾರುಲ್ ತರ್ಜುಮಾ. 1918ರಲ್ಲಿ ಉಸ್ಮಾನಿಯಾ ವಿಶ್ವವಿದ್ಯಾಲಯ. ವೈದ್ಯಕೀಯ, ಎಂಜಿನಿಯರಿಂಗ್, ಕಾನೂನು, ಎಲ್ಲ ಉರ್ದುವಿನಲ್ಲಿ. ಪುಸ್ತಕ ಇಲ್ಲ ಅಂದರೆ ಅನುವಾದಿಸು, ಶಬ್ದ ಇಲ್ಲ ಅಂದರೆ ಹುಟ್ಟಿಸು. ಆಧುನಿಕ ವಿದ್ಯೆಯನ್ನು ದೇಶಭಾಷೆಯಲ್ಲಿ ಕಲಿಸಬಹುದು ಅಂತ ಆ ಕಾಲಕ್ಕೇ ತೋರಿಸಿದರು. ಈ ಮಟ್ಟಿಗೆ ನನಗೆ ಮೆಚ್ಚುಗೆ ಇದೆ.

ಅದರ ಬೆಲೆ ತೆತ್ತವರು ಯಾರು ಅನ್ನುವುದೂ ಗೊತ್ತಿದೆ. ಆ ಸಂಸ್ಥಾನದಲ್ಲಿ ಹೆಚ್ಚಿನವರ ಮನೆಮಾತು ತೆಲುಗು, ಮರಾಠಿ, ಕನ್ನಡ. ನಮ್ಮ ಅಜ್ಜ ಮನೆಯಲ್ಲಿ ವಚನ ಹೇಳಿ, ಶಾಲೆಯಲ್ಲಿ ಉರ್ದು ಓದಿ, ಲೇವಾದೇವಿಯ ಲೆಕ್ಕವನ್ನೂ ಉರ್ದುವಿನಲ್ಲೇ ಬರೆದವರು. ಕನ್ನಡ ಅಕ್ಷರವನ್ನು ಅವರು ಚೆನ್ನಾಗಿ ಕಲಿತದ್ದು ದೊಡ್ಡವರಾದ ಮೇಲೆ. ಉರ್ದುವಿನ ಮೇಲೆ ಅವರಿಗೆ ಸಿಟ್ಟಿರಲಿಲ್ಲ, ಕನ್ನಡ ಶಾಲೆ ಇಲ್ಲದ್ದರ ಮೇಲಿತ್ತು. ಎರಡೂ ಬೇರೆ ಬೇರೆ ಅಂತ ಅವರಿಗೆ ಗೊತ್ತಿತ್ತು, ಈಗ ಜಗಳ ಆಡುವ ಬಹಳ ಜನಕ್ಕೆ ಗೊತ್ತಿಲ್ಲ. 1948ರ ಪೊಲೀಸ್ ಕಾರ್ಯಾಚರಣೆಯ ನಂತರ ಉಸ್ಮಾನಿಯಾದಲ್ಲಿ ಇಂಗ್ಲಿಷ್ ಬಂತು. ಉರ್ದು ಓದಿದರೆ ನೌಕರಿ ಅನ್ನುವುದು ಹೋಯಿತು. ಒಂದು ತಲೆಮಾರು ಕಳೆಯುವಷ್ಟರಲ್ಲಿ ನಮ್ಮಂಥ ಮನೆಗಳಲ್ಲಿ ಉರ್ದು ಓದುವವರೇ ಇಲ್ಲದಾದರು.

ಅದರ ಪರಿಣಾಮ ಇವತ್ತೂ ತಹಸೀಲ್ ಕಚೇರಿಯ ಹೊರಗೆ ಕಾಣುತ್ತದೆ. ಊರಿಗೆ ಹೋದಾಗ ಯಾರಾದರೂ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿದ, ನಿಜಾಮನ ಕಾಲದ ಉರ್ದು ಹೊಲದ ಕಾಗದ ಹಿಡಿದು ಬಂದೇ ಬರುತ್ತಾರೆ. "ಸರ, ಇದರಾಗ ನಮ್ಮ ಮುತ್ಯಾನ ಹೆಸರು ಅದನೋ ಇಲ್ಲೋ, ಒಂದೀಟು ನೋಡಿ ಹೇಳ್ರಿ." ಮಡಿಕೆಯಲ್ಲಿ ಹರಿದಿರುತ್ತದೆ. ಬರಹ ಶಿಕಸ್ತಾ, ಅಂದರೆ ಗುಮಾಸ್ತರು ಗಡಿಬಿಡಿಯಲ್ಲಿ ಬರೆಯುತ್ತಿದ್ದ ಕೂಡು ಬರಹ. ಚುಕ್ಕೆಗಳೇ ಇರುವುದಿಲ್ಲ. ಚುಕ್ಕೆ ಇಲ್ಲದೆ ಬೇ, ತೇ, ಪೇ ಮೂರೂ ಒಂದೇ ಥರ, ಹಾಗಾಗಿ ಬಸಪ್ಪ ಇದ್ದಾನೋ ಇನ್ಯಾರೋ ಅಂತ ಹೊಲದ ಹೆಸರು, ಸರ್ವೆ ನಂಬರು ನೋಡಿ ಅಂದಾಜು ಮಾಡಬೇಕು. ಇಸವಿ ಫಸಲಿಯಲ್ಲಿ, ಅಂದರೆ ಆಗಿನ ಕಂದಾಯ ವರ್ಷದ ಲೆಕ್ಕದಲ್ಲಿರುತ್ತದೆ, ನಮ್ಮ ಇಸವಿ ಬೇಕಾದರೆ 590 ಕೂಡಿಸಬೇಕು. ಫಸಲಿ 1340 ಅಂದರೆ 1930ರ ಆಸುಪಾಸು. ನಾನು ಓದುವುದು ನಿಧಾನ. ಪಟಪಟ ಓದುತ್ತಿದ್ದ ಹಿರಿಯರು ಒಬ್ಬೊಬ್ಬರೇ ಹೋಗುತ್ತಿದ್ದಾರೆ. ಈ ದಾಖಲೆ ಓದುವುದನ್ನೇ ಕಲಿಸಿ, ಜಿಲ್ಲೆಗೆ ನಾಲ್ಕು ಜನರನ್ನು ಸಂಬಳಕ್ಕೆ ಇಟ್ಟುಕೊಂಡರೆ ಉರ್ದುವಿಗೂ ಒಳ್ಳೆಯದು, ಹೊಲದ ವ್ಯಾಜ್ಯದಲ್ಲಿ ಸಿಕ್ಕಿಕೊಂಡ ಕನ್ನಡದ ರೈತನಿಗೂ ಒಳ್ಳೆಯದು. ಬೀದರಿನಲ್ಲೇ ಮೌಲಾನಾ ಆಜಾದ್ ರಾಷ್ಟ್ರೀಯ ಉರ್ದು ವಿಶ್ವವಿದ್ಯಾಲಯದ ಶಿಕ್ಷಕರ ಕಾಲೇಜು ಇದೆ. ಹೈದರಾಬಾದಿನಲ್ಲಿ 1998ರಲ್ಲಿ ಶುರುವಾದ ಕೇಂದ್ರೀಯ ವಿಶ್ವವಿದ್ಯಾಲಯ ಅದು. ಅಂಥ ಕಡೆ ಒಂದು ಸಣ್ಣ ಕೋರ್ಸ್ ಸಾಕು.

ತಪ್ಪು ರೀತಿಯ ಪ್ರೋತ್ಸಾಹಕ್ಕೂ ನಮ್ಮಲ್ಲೇ ಉದಾಹರಣೆ ಇದೆ, ಅದನ್ನು ಮುಚ್ಚಿಡಬಾರದು. 1994ರ ಅಕ್ಟೋಬರಿನಲ್ಲಿ ಬೆಂಗಳೂರು ದೂರದರ್ಶನದಲ್ಲಿ ಹತ್ತು ನಿಮಿಷದ ಉರ್ದು ವಾರ್ತೆ ಶುರು ಮಾಡಿದರು. ಸಂಜೆಯ ಹೊತ್ತು, ಎಲ್ಲರೂ ಟಿವಿ ಮುಂದೆ ಇರುವ ಸಮಯ. ಚುನಾವಣೆ ಬಾಗಿಲಲ್ಲಿತ್ತು. ಪ್ರತಿಭಟನೆ ಗಲಭೆಗೆ ತಿರುಗಿ ಇಪ್ಪತ್ತಕ್ಕೂ ಹೆಚ್ಚು ಜನ ಸತ್ತರು. ವಾರ್ತೆ ನಿಂತಿತು. ಆ ಹತ್ತು ನಿಮಿಷವನ್ನು ಉರ್ದು ಶಾಲೆಯ ಯಾವ ಮೇಷ್ಟ್ರೂ ಕೇಳಿರಲಿಕ್ಕಿಲ್ಲ. ಅವರು ಕೇಳುತ್ತಾ ಬಂದಿರುವುದು ಪಠ್ಯಪುಸ್ತಕ ಜೂನ್ ತಿಂಗಳಲ್ಲೇ ಬರಲಿ, ಖಾಲಿ ಹುದ್ದೆ ತುಂಬಲಿ ಅಂತ. ಸರ್ಕಾರಕ್ಕೆ ಟಿವಿಯಲ್ಲಿ ಕಾಣುವುದು ಸುಲಭ.

ಬೋರ್ಡಿನ ವಿಷಯದಲ್ಲೂ ಹಾಗೇ. ಮಹಾರಾಷ್ಟ್ರದ ಅಕೋಲಾ ಜಿಲ್ಲೆಯ ಪಾತೂರ್ ಪುರಸಭೆಯ ಫಲಕದಲ್ಲಿ ಮರಾಠಿಯ ಕೆಳಗೆ ಉರ್ದುವೂ ಇದ್ದದ್ದಕ್ಕೆ ಜಗಳ ಸುಪ್ರೀಂ ಕೋರ್ಟಿನವರೆಗೆ ಹೋಯಿತು. ಇರಲಿ ಬಿಡಿ, ಭಾಷೆಗೂ ಧರ್ಮಕ್ಕೂ ಗಂಟು ಹಾಕಬೇಡಿ ಅಂತ 2025ರ ಏಪ್ರಿಲಿನಲ್ಲಿ ಕೋರ್ಟ್ ಹೇಳಿತು. ಒಳ್ಳೆಯ ತೀರ್ಪು. ಆದರೆ ಆ ಫಲಕ ಓದುವ ಮಕ್ಕಳು ಎಲ್ಲಿ ತಯಾರಾಗಬೇಕು ಅನ್ನುವುದು ಕೋರ್ಟಿನ ಕೆಲಸ ಅಲ್ಲ.

"ಪಾಕಿಸ್ತಾನದಲ್ಲಿ ಚೆನ್ನಾಗಿದೆಯಲ್ಲ" ಅನ್ನುವವರೂ ಸಿಗುತ್ತಾರೆ. ಅಲ್ಲಿನ 1973ರ ಸಂವಿಧಾನದಲ್ಲಿ ಹದಿನೈದು ವರ್ಷದೊಳಗೆ ಉರ್ದುವನ್ನು ಆಡಳಿತಕ್ಕೆ ತರಬೇಕು ಅಂತ ಬರೆದಿದ್ದಾರೆ. 2015ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಮತ್ತೆ ಆದೇಶ ಕೊಡಬೇಕಾಯಿತು. ಫೈಲುಗಳು ಈಗಲೂ ಇಂಗ್ಲಿಷಿನಲ್ಲೇ ಓಡುತ್ತವೆ.

ಇನ್ನು ನಮ್ಮ ಉರ್ದು ಶಾಲೆಗಳ ಇವತ್ತಿನ ಸ್ಥಿತಿ. ಚೆನ್ನಾಗಿಲ್ಲ. ಕನ್ನಡ ಶಾಲೆಗೆ ಬಂದ ರೋಗವೇ ಅವಕ್ಕೂ ಬಂದಿದೆ. ಅಪ್ಪ ಅಮ್ಮನಿಗೆ ಇಂಗ್ಲಿಷ್ ಬೇಕು. 2019ರಲ್ಲಿ ರಾಜ್ಯ ಸರ್ಕಾರವೇ ಒಂದು ಸಾವಿರ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮ ಶುರು ಮಾಡಿತು. ಅದರ ಮೇಲೆ ಇನ್ನೊಂದು ಕಷ್ಟ: ಉರ್ದು ಪ್ರಾಥಮಿಕ ಶಾಲೆ ಮುಗಿಸಿದ ಹುಡುಗನಿಗೆ ಹತ್ತಿರದಲ್ಲಿ ಉರ್ದು ಹೈಸ್ಕೂಲು ಇರುವುದಿಲ್ಲ. ಕನ್ನಡ ಮಾಧ್ಯಮಕ್ಕೆ ಬರುತ್ತಾನೆ, ವಿಜ್ಞಾನದ ಪಾಠದಲ್ಲಿ ತಡವರಿಸುತ್ತಾನೆ, ಬಿಡುತ್ತಾನೆ. ಉರ್ದು ಶಾಲೆಗೆ ಮೊದಲು ಬೇಕಾದದ್ದು ಒಬ್ಬ ಒಳ್ಳೆಯ ಕನ್ನಡ ಮೇಷ್ಟ್ರು ಅಂತ ನಾನು ಹೇಳಿದರೆ ಉರ್ದು ಅಭಿಮಾನಿಗಳಿಗೂ ಕೋಪ, ಕನ್ನಡ ಅಭಿಮಾನಿಗಳಿಗೂ ಅನುಮಾನ. ಒಂದನೇ ಕ್ಲಾಸಿನಿಂದಲೇ ಕನ್ನಡ ಚೆನ್ನಾಗಿ ಬಂದರೆ ಮನೆಯವರಿಗೆ ಉರ್ದು ಶಾಲೆಗೆ ಕಳಿಸುವ ಭಯ ಹೋಗುತ್ತದೆ. ಕನ್ನಡ ಇಲ್ಲದೆ ಈ ರಾಜ್ಯದಲ್ಲಿ ಆ ಮಗು ಬಸ್ ಕಂಡಕ್ಟರ್ ಕೂಡ ಆಗಲಾರದು.

ಗಜಲ್ ಪ್ರೇಮಿಗಳಿಗೆ ಒಂದು ಮಾತು ಬಾಕಿ ಇದೆ. 2013ರಲ್ಲಿ ಶುರುವಾದ ರೇಖ್ತಾ ಅನ್ನುವ ಖಾಸಗಿ ಜಾಲತಾಣ ಉರ್ದು ಕಾವ್ಯವನ್ನು ಮೂರು ಲಿಪಿಗಳಲ್ಲಿ ಹಾಕಿ ಎಷ್ಟೋ ಹೊಸ ಓದುಗರನ್ನು ತಂದಿತು. ಅದನ್ನು ದೇವನಾಗರಿಯಲ್ಲಿ ಓದಿ ಖುಷಿಪಡುವುದರಲ್ಲಿ ತಪ್ಪೇನಿಲ್ಲ. ಆದರೆ ಲಿಪಿ ಕಲಿಯಬೇಕು ಅನ್ನಿಸಿದರೆ ಸುಮ್ನೆ ಶುರು ಮಾಡಿ. ಮಂಡಳಿಯ ಡಿಪ್ಲೊಮಾ ಇದೆ, ಆನ್‌ಲೈನ್ ಪಾಠಗಳೂ ಇವೆ. ಅಕ್ಷರ ಬೇಗ ಬರುತ್ತವೆ. ಕನ್ನಡದವರಿಗೆ ನಿಜವಾಗಿ ತೊಡಕಾಗುವುದು, ಉರ್ದುವಿನಲ್ಲಿ ಹ್ರಸ್ವ ಸ್ವರಗಳನ್ನು ಸಾಮಾನ್ಯವಾಗಿ ಬರೆಯುವುದಿಲ್ಲ ಅನ್ನುವುದು. ನಮಗೆ ಕಾಗುಣಿತದ ಅಭ್ಯಾಸ, ಅಲ್ಲಿ ಇಕಾರವೋ ಉಕಾರವೋ ನಾವೇ ಊಹಿಸಬೇಕು. ಅದಕ್ಕೆ ಮಕ್ಕಳ ಕಥೆ ಪುಸ್ತಕದಿಂದ ಶುರು ಮಾಡಿ, ಗಾಲಿಬ್‌ನಿಂದ ಬೇಡ.