ಗಾರ್ಟರ್ ಹಾವಿನ ಊಟ: ಫ್ರಿಜ್ಜಿನ ಕೆಳಗಿನ ಖಾನೆಯಿಂದ ವರದಿ

ಸೆಪ್ಟೆಂಬರ್

ಮರಿ ಬಂದಿದೆ. ಚೆಕರ್ಡ್ ಗಾರ್ಟರ್ ಅನ್ನುವ ಅಮೆರಿಕದ ಸಣ್ಣ ಹಾವಿನದು, ಕಾಡಿನಿಂದ ಹಿಡಿದದ್ದಲ್ಲ, ಸಾಕಿದ ಹಾವಿಗೆ ಹುಟ್ಟಿದ್ದು. ಪೆನ್ಸಿಲ್‌ನಷ್ಟೂ ದಪ್ಪ ಇಲ್ಲ. ನಾನಿರುವುದು ಅಮೆರಿಕದ ಓಹಾಯೋದಲ್ಲಿ, ಇಲ್ಲಿ ಇದನ್ನು ಸಾಕಬಹುದು. ಊರಲ್ಲಿರುವವರು ಇದನ್ನು ಓದಿ ಹಿತ್ತಲಿನ ಕೇರೆಹಾವು ಹಿಡಿಯಲು ಹೋಗಬೇಡಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಇದೆ, ಕೇಸ್ ಆಗುತ್ತದೆ.

ಹಾವು ಅಂದರೆ ಇಲಿ ಅನ್ನುವುದು ಎಲ್ಲರ ಲೆಕ್ಕ. ಗಾರ್ಟರ್‌ಗಳು ಕಾಡಿನಲ್ಲಿ ತಿನ್ನುವುದು ಜಾಸ್ತಿ ಎರೆಹುಳು, ಕಪ್ಪೆ, ಸಣ್ಣ ಮೀನು. ಎರೆಹುಳುವಿನ ವಾಸನೆ ಗುರುತಿಸುವುದನ್ನು ಮರಿಗಳಿಗೆ ಯಾರೂ ಕಲಿಸಬೇಕಿಲ್ಲ. ಗಾರ್ಡನ್ ಬರ್ಗ್‌ಹಾರ್ಟ್ ಎಂಬ ವಿಜ್ಞಾನಿ 1960ರ ದಶಕದಲ್ಲೇ ಇದನ್ನು ಪರೀಕ್ಷಿಸಿದ್ದರು: ಇನ್ನೂ ಏನನ್ನೂ ತಿಂದಿರದ ಮರಿಗಳ ಮುಂದೆ ಹುಳುವಿನ ಸಾರದಲ್ಲಿ ಅದ್ದಿದ ಹತ್ತಿಕಡ್ಡಿ ಹಿಡಿದರೆ ಸಾಕು, ನಾಲಿಗೆ ಆಡಿಸಿ ಆಡಿಸಿ ಕಡ್ಡಿಯನ್ನೇ ಕಚ್ಚಲು ಬರುತ್ತಿದ್ದವು. ನಮ್ಮ ಮರಿಯೂ ಅಷ್ಟೇ. ತುಂಡು ಮಾಡಿದ ಹುಳು ಬಟ್ಟಲಿಗೆ ಬಿದ್ದ ತಕ್ಷಣ ಹಾಜರ್.

ಈಗ ಯಾವ ಹುಳು ಅನ್ನುವ ವಿಷಯ. ಇಲ್ಲಿ ಮೀನು ಹಿಡಿಯುವವರಿಗೆ ಗಾಳದ ಹುಳು ಮಾರುವ ಅಂಗಡಿಗಳಿವೆ, ಎಷ್ಟೋ ಪೆಟ್ರೋಲ್ ಬಂಕ್‌ಗಳ ಫ್ರಿಜ್‌ನಲ್ಲೂ ಕೋಲ್ಡ್‌ಡ್ರಿಂಕ್ ಪಕ್ಕದಲ್ಲೇ ಹುಳುವಿನ ಡಬ್ಬಿ ಇಟ್ಟಿರುತ್ತಾರೆ (ನನ್ನ ಹೆಂಡತಿಗೆ ಇದು ಈಗಲೂ ಅರಗಿಲ್ಲ). ಡಬ್ಬಿಯ ಮೇಲೆ ‘ನೈಟ್‌ಕ್ರಾಲರ್’ ಅಂತ ಇದ್ದರೆ ಸಾಮಾನ್ಯವಾಗಿ ಅದು ಲಂಬ್ರಿಕಸ್ ಟೆರೆಸ್ಟ್ರಿಸ್. ನಮಗೆ ಬೇಕಾದ್ದು ಅದೇ. ಇವುಗಳಲ್ಲಿ ಬಹುಪಾಲು ಕೆನಡಾದ ಒಂಟಾರಿಯೋದ ಹೊಲಗಳಲ್ಲಿ ರಾತ್ರಿ ಹೊತ್ತು ಕೈಯಲ್ಲೇ ಆರಿಸಿದವು. ಮಜಾ ಏನೆಂದರೆ ಇದು ಈ ಖಂಡದ ಹುಳುವೇ ಅಲ್ಲ. ಯುರೋಪಿನಿಂದ ವಲಸೆ ಬಂದದ್ದು, ನಮ್ಮ ಹಾಗೇ.

ಬೇಡವಾದದ್ದು ‘ರೆಡ್ ವಿಗ್ಲರ್’, ಐಸೀನಿಯಾ ಫೆಟಿಡಾ. ಕೆಣಕಿದರೆ ಮೈಯಿಂದ ಹಳದಿ ದ್ರವ ಬಿಡುತ್ತದೆ, ಕೆಟ್ಟ ವಾಸನೆ. ಅದರ ಮೈಯೊಳಗಿನ ದ್ರವದಲ್ಲಿ ಲೈಸೆನಿನ್ ಎಂಬ ವಿಷದ ಪ್ರೋಟೀನ್ ಇದೆ, ಬೆನ್ನುಮೂಳೆಯ ಪ್ರಾಣಿಗಳ ಜೀವಕೋಶಕ್ಕೆ ತೂತು ಕೊರೆಯುವಂಥದ್ದು. ಇದನ್ನು ತಿಂದು ಹಾವು ಕಕ್ಕಿತು, ಸತ್ತಿತು ಎಂದು ಹೇಳುವ ಗಾರ್ಟರ್ ಸಾಕುವವರು ಬೇಕಾದಷ್ಟು ಜನ ಇದ್ದಾರೆ.

ಡಬ್ಬಿಯ ಚೀಟಿ ನಂಬಬೇಡಿ, ಹುಳು ಅಂಗೈ ಮೇಲೆ ಹಾಕಿಕೊಂಡು ನೋಡಿ. ನೈಟ್‌ಕ್ರಾಲರ್ ದಪ್ಪ, ಉದ್ದ, ತಲೆ ಕಡೆ ಕಡು ಬಣ್ಣ, ಬಾಲದ ತುದಿ ಚಪ್ಪಟೆ. ರೆಡ್ ವಿಗ್ಲರ್ ಸಣ್ಣದು, ತೆಳ್ಳಗೆ, ಕೆಂಪು ಮೈಗೆ ಅಡ್ಡಡ್ಡ ಹಳದಿ ಪಟ್ಟೆ, ಮುಟ್ಟಿದರೆ ವಿಲವಿಲ ಒದ್ದಾಡುತ್ತದೆ. ಅನುಮಾನ ಬಂದರೆ ಹೂಕುಂಡಕ್ಕೆ ಹಾಕಿಬಿಡಿ. ಗಾಳಕ್ಕೆಂದು ಹಸಿರು ಬಣ್ಣ ಹಾಕಿದ ಹುಳುಗಳೂ ಬರುತ್ತವೆ, ಅವೂ ಬೇಡ. ‘ಯುರೋಪಿಯನ್ ನೈಟ್‌ಕ್ರಾಲರ್’ ಅನ್ನುವುದು ಹೆಸರಿಗೆ ಮಾತ್ರ ಹತ್ತಿರ, ಅದೇ ಬೇರೆ ಹುಳು. ಕೆಲವರು ಹಾಕುತ್ತಾರೆ. ನಾನು ಹಾಕುವುದಿಲ್ಲ, ಕಾರಣ ಕೆಣಕಿದರೆ ಅದೂ ಹಳದಿ ದ್ರವ ಬಿಡುತ್ತದೆ.

ಅಕ್ಟೋಬರ್

ಅಮ್ಮನಿಗೆ ಹುಳುವಿನ ಡಬ್ಬಿಯ ರೇಟ್ ಹೇಳಿದೆ. “ಅಯ್ಯೋ, ನಮ್ಮ ತೋಟದ ಗೊಬ್ಬರದ ತೊಟ್ಟಿಲಿ ರಾಶಿ ಬಿದ್ದಿದೆ ಕಣೋ, ದುಡ್ಡು ಕೊಟ್ಟು ತರ್ತೀಯಾ?” ಅಂದರು. ಅಲ್ಲೇ ಇರುವುದು ತೊಡಕು. ನಮ್ಮ ಕಡೆ ಎರೆಗೊಬ್ಬರಕ್ಕೆ ಬಿಡುವ ಹುಳುಗಳಲ್ಲಿ ಒಂದು ಇದೇ ಫೆಟಿಡಾ. ಸಗಣಿ, ಎಲೆ, ತರಕಾರಿ ಸಿಪ್ಪೆ ಹಾಕಿದರೆ ಎಲ್ಲಿ ಬೇಕಾದರೂ ಮರಿ ಮಾಡುತ್ತದೆ. ನೈಟ್‌ಕ್ರಾಲರ್‌ಗೆ ತಂಪು ಬೇಕು, ಇಳಿಯಲು ಆಳದ ಮಣ್ಣು ಬೇಕು, ದೊಡ್ಡದಾಗಲು ಹೆಚ್ಚುಕಡಿಮೆ ವರ್ಷ ಬೇಕು. ಅಂದರೆ ಮನೆಯಲ್ಲಿ ಸುಲಭವಾಗಿ ಬೆಳೆಯುವ ಹುಳು ಹಾವಿಗೆ ಆಗುವುದಿಲ್ಲ, ಹಾವಿಗೆ ಆಗುವ ಹುಳು ಮನೆಯಲ್ಲಿ ಬೆಳೆಯುವುದಿಲ್ಲ. ಹಾಗಾಗಿ ಹುಳು ಸಾಕುವ ಆಸೆ ಬಿಟ್ಟು, ತಂದದ್ದು ಸಾಯದಂತೆ ಇಡುವುದಕ್ಕೆ ಗಮನ ಕೊಟ್ಟಿದ್ದೇನೆ.

ಇಡುವ ವ್ಯವಸ್ಥೆ ಸದ್ಯಕ್ಕೆ ಹೀಗಿದೆ. ಅಂಗಡಿ ಡಬ್ಬಿಯಿಂದ ತೆಗೆದು, ಮುಚ್ಚಳಕ್ಕೆ ತೂತು ಹೊಡೆದ ಅಗಲದ ಪ್ಲಾಸ್ಟಿಕ್ ಡಬ್ಬಕ್ಕೆ ಹಾಕುತ್ತೇನೆ. ಒಳಗೆ ಗೊಬ್ಬರ ಬೆರೆಸದ ತೆಂಗಿನ ನಾರಿನ ಪುಡಿ, ಜೊತೆಗೆ ಹರಿದ ನ್ಯೂಸ್‌ಪೇಪರ್. ಮುಷ್ಟಿಯಲ್ಲಿ ಹಿಂಡಿದರೆ ಒಂದೆರಡು ಹನಿ ಬೀಳಬೇಕು, ಅಷ್ಟೇ ಹಸಿ. ಫ್ರಿಜ್‌ನಲ್ಲಿ ಆರೇಳು ಡಿಗ್ರಿ ಇದ್ದರೆ ಆರಾಮಾಗಿರುತ್ತವೆ, ಅಡುಗೆಮನೆ ಕಟ್ಟೆಯ ಬಿಸಿಗೆ ಬಿಟ್ಟರೆ ಬೇಗ ಸಾಯುತ್ತವೆ. ಊಟ ಚಿಟಿಕೆಯಷ್ಟು ಜೋಳದ ಹಿಟ್ಟು, ಇಲ್ಲವೇ ಬೆಂದ ಕ್ಯಾರೆಟ್. ನಿಂಬೆ, ಈರುಳ್ಳಿ, ಉಪ್ಪು ಹತ್ತಿರಕ್ಕೂ ಬೇಡ. ಮುಖ್ಯ ಕೆಲಸ ಸತ್ತದ್ದನ್ನು ಆಗಾಗ ಆರಿಸಿ ಎಸೆಯುವುದು. ಒಂದು ಕೊಳೆತರೆ ಪಕ್ಕದವೂ ಹೋಗುತ್ತವೆ, ಮುಚ್ಚಳ ತೆಗೆದಾಗ ಮೂಗಿಗೇ ಗೊತ್ತಾಗುತ್ತದೆ. ಆ ನಾತ ಬಂದ ಡಬ್ಬದಿಂದ ಹಾವಿಗೆ ಏನೂ ಕೊಡಬೇಡಿ.

ಕೊಡುವ ಮುಂಚೆ ನೀರಿನಲ್ಲಿ ತೊಳೆದು, ಮರಿಯ ಮೈಗಿಂತ ದಪ್ಪ ಆಗದಂತೆ ಕತ್ತರಿಸುತ್ತೇನೆ. ಬಟ್ಟಲಲ್ಲೇ ಕೊಡಬೇಕು, ಇಲ್ಲದಿದ್ದರೆ ಅಂಟಿನ ಹುಳುವಿಗೆ ಗೂಡಿನಲ್ಲಿ ಹಾಸಿದ ಮರದ ಹೊಟ್ಟು ಎಲ್ಲ ಮೆತ್ತಿಕೊಂಡು ಹಾವಿನ ಹೊಟ್ಟೆಗೇ ಹೋಗುತ್ತದೆ. ಹುಳು ಬೇಗ ಅರಗುತ್ತದೆ, ಎರಡು ಮೂರು ದಿನಕ್ಕೊಮ್ಮೆ ಮತ್ತೆ ಹಸಿವು.

ಅಂಗಳದ ಹುಳು ಪುಕ್ಕಟೆ ಸಿಗುತ್ತಲ್ವಾ ಅಂತ ಒಬ್ಬ ಗೆಳೆಯ ಕೇಳಿದ. ಇಲ್ಲಿ ಹುಲ್ಲುಹಾಸಿಗೆ ಏನೇನೋ ಸಿಂಪಡಿಸುತ್ತಾರೆ, ಪಕ್ಕದ ಮನೆಯವರು ಏನು ಹಾಕಿದ್ದಾರೆ ಅಂತ ನನಗೇನು ಗೊತ್ತು?

ಡಿಸೆಂಬರ್

ಕೆರೆಗಳು ಹೆಪ್ಪುಗಟ್ಟುತ್ತಿವೆ, ಹತ್ತಿರದ ಅಂಗಡಿಯಲ್ಲಿ ನೈಟ್‌ಕ್ರಾಲರ್ ಖಾಲಿ. ಇರುವುದು ವ್ಯಾಕ್ಸ್‌ವರ್ಮ್, ಅಂದರೆ ಪತಂಗದ ಮರಿಹುಳು. ಹೆಸರಲ್ಲಿ ‘ವರ್ಮ್’ ಇದ್ದರೂ ಅದಾಗಲಿ ಮೀಲ್‌ವರ್ಮ್ ಆಗಲಿ ಕೀಟದ ಮರಿಗಳು. ಹಲ್ಲಿಗಳಿಗೆ ಸರಿ, ಗಾರ್ಟರ್‌ಗೆ ಅಲ್ಲ.

ಹೇಗಿದ್ದರೂ ಬರೀ ಎರೆಹುಳುವಿನ ಮೇಲೆ ಹಾವನ್ನು ಕೊನೆವರೆಗೂ ಇಡುವುದು ನನಗೆ ಇಷ್ಟವಿರಲಿಲ್ಲ. ಹುಳುವಿನಲ್ಲಿ ಎಷ್ಟು ಕ್ಯಾಲ್ಸಿಯಂ ಅನ್ನುವುದು ಅದು ಯಾವ ಮಣ್ಣು ತಿಂದಿತ್ತು ಅನ್ನುವುದರ ಮೇಲೆ ನಿಂತಿದೆ, ಅದನ್ನು ಅಳೆಯುವುದು ಹೇಗೆ? ಸದ್ಯ ಆಗಾಗ ಕ್ಯಾಲ್ಸಿಯಂ ಪುಡಿ ಉದುರಿಸುತ್ತಿದ್ದೇನೆ. ಜೊತೆಗೆ ಟ್ರೌಟ್ ಮೀನಿನ ತುಂಡು ಶುರು ಮಾಡಿದ್ದೇನೆ. ಗೋಲ್ಡ್‌ಫಿಶ್ ಮಾತ್ರ ಬೇಡ, ಅದರಲ್ಲಿ ಥಯಾಮಿನೇಸ್ ಇದೆ, ಹಾವಿನ ಬಿ1 ವಿಟಮಿನ್ ಹಾಳುಮಾಡುತ್ತದೆ.

ಫೆಬ್ರವರಿ

ಪಿಂಕಿಗೆ, ಅಂದರೆ ಕೂದಲು ಬರದ ಇಲಿಮರಿಗೆ ಬದಲಾಯಿಸುವ ಕೆಲಸ ನಡೆದಿದೆ. ಫ್ರೀಜ್ ಆಗಿ ಬರುವುದನ್ನು ಬಿಸಿನೀರಿನಲ್ಲಿ ಕರಗಿಸಿ, ಚೆನ್ನಾಗಿ ಒರೆಸಿ, ಕತ್ತರಿಸಿದ ಎರೆಹುಳುವಿನಿಂದ ಮೈಯೆಲ್ಲ ಉಜ್ಜಬೇಕು. ಸುಮ್ನೆ ಒಂದು ಸಲ ತಾಗಿಸಿದರೆ ಸಾಲದು. ಮೊದಲು ಮೂಸಿ ಹೋಗಿಬಿಟ್ಟಿತು. ಪಿಂಕಿಯನ್ನು ತುಂಡು ಮಾಡಿ ಹುಳುವಿನ ತುಂಡುಗಳ ಜೊತೆ ಒಂದೇ ಬಟ್ಟಲಲ್ಲಿ ಕಲಸಿಟ್ಟ ಮೇಲೆ ಹುಳುವಿನ ಭರದಲ್ಲಿ ಅದನ್ನೂ ನುಂಗಿತು. ಈಗ ಬಟ್ಟಲಲ್ಲಿ ಹುಳು ಕಡಿಮೆ ಮಾಡುತ್ತಾ ಬಂದಿದ್ದೇನೆ. ಉಜ್ಜಲು ಒಂದೇ ಹುಳು ಸಾಕಾಗುವುದರಿಂದ ಡಬ್ಬಿಯ ಖರ್ಚೂ ಇಳಿದಿದೆ. ಉಜ್ಜದ ಪಿಂಕಿಯನ್ನು ಮಾತ್ರ ಇನ್ನೂ ಮುಟ್ಟುತ್ತಿಲ್ಲ. ಮುಂದಿನ ಪ್ರಯತ್ನ ಟ್ರೌಟ್ ತುಂಡು ನೆನೆಸಿದ ನೀರಿನಲ್ಲಿ ಪಿಂಕಿಯನ್ನು ಅದ್ದಿ ಕೊಡುವುದು.