ಆರಿದ್ರಾ ಮಳೆಗೆ ಮುಂಚೆ ದೀಪದ ಏರ್ಪಾಡು

ಮಲೆನಾಡಿನಲ್ಲಿ ಕರೆಂಟು ಹೋಗುವುದರಲ್ಲಿ ಎರಡು ಬಗೆ. ಏಪ್ರಿಲ್, ಮೇ ತಿಂಗಳ ಸಂಜೆ ಗುಡುಗು ಮಿಂಚಿನ ಮಳೆ ಬಂದಾಗ ಹೋಗುವ ಕರೆಂಟು ಒಂದೆರಡು ಗಂಟೆಯಲ್ಲಿ, ಹೆಚ್ಚೆಂದರೆ ಬೆಳಗಾಗುವುದರೊಳಗೆ ಬರುತ್ತದೆ. ಆರಿದ್ರಾ, ಪುನರ್ವಸು ಮಳೆಯ ಗಾಳಿಗೆ ಮರ ಬಿದ್ದು ಹೋದದ್ದು ಹಾಗಲ್ಲ. ಅದನ್ನು ದಿನಗಳಲ್ಲಿ ಎಣಿಸಬೇಕು. ಶಿವಮೊಗ್ಗದ ಅಂಗಡಿಗಳಲ್ಲಿ ತುರ್ತು ದೀಪಗಳೆಂದು ಮಾರುವ ಬಹುತೇಕ ಸಾಮಾನುಗಳು ಮೊದಲನೆಯ ಬಗೆಯ ಕತ್ತಲೆಗಾಗಿ ತಯಾರಾದವು ಎಂಬುದು ನನಗೆ ಅರ್ಥವಾಗಲು ಮೂರು ಮಳೆಗಾಲ ಮತ್ತು ಒಂದಿಷ್ಟು ಹಣ ಬೇಕಾಯಿತು.

ಹೊಸನಗರದ ಕಡೆಯ ನಮ್ಮ ಮನೆಗೆ ಬರುವ ವಿದ್ಯುತ್ ತಂತಿ ಕಾಡನ್ನೂ, ಎರಡು ಅಡಿಕೆ ತೋಟಗಳನ್ನೂ, ಒಂದು ಹಳ್ಳವನ್ನೂ ದಾಟಿ ಬರುತ್ತದೆ. ಜೋಗದ ವಿದ್ಯುದಾಗಾರ 1948ರಲ್ಲಿ ಕೆಲಸ ಆರಂಭಿಸಿತು; 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿಯುವ ಹೊತ್ತಿಗೆ ಶರಾವತಿ ಕಣಿವೆಯ ಎಷ್ಟೋ ಊರುಗಳು ನೀರಿನೊಳಗೆ ಹೋಗಿದ್ದವು; ಇಂದು ಶರಾವತಿ ಉತ್ಪಾದನಾ ಕೇಂದ್ರವೊಂದರ ಸಾಮರ್ಥ್ಯವೇ 1035 ಮೆಗಾವ್ಯಾಟ್. ಅಷ್ಟು ವಿದ್ಯುತ್ತು ದೊಡ್ಡ ಗೋಪುರಗಳ ಮೇಲೇರಿ ಗುಡ್ಡ ದಾಟಿ ಹೋಗುವ ಸೀಮೆಯಲ್ಲಿಯೇ, ನಮ್ಮ ಮನೆಯ ತಂತಿಯನ್ನು ನೆಲಕ್ಕೆ ಕೆಡವಲು ಒಂದು ಬಗನಿ ಮರ ಸಾಕು. ಲೈನ್‌ಮನ್‌ಗಳನ್ನು ದೂರಿ ಪ್ರಯೋಜನವಿಲ್ಲ. ಕಳೆದ ವರ್ಷ ಮೂರನೆಯ ದಿನ ಕಂಬಳಿಕೊಪ್ಪೆ ಹಾಕಿಕೊಂಡು ಬಂದವರು, “ಇನ್ನೂ ಎಂಟು ಕಡೆ ಮರ ಬಿದ್ದೈತೆ ಮಾರಾಯ್ರೆ, ನಿಮ್ದು ಒಂಬತ್ತನೇದು” ಎಂದು ಹೇಳಿ, ಒಂದು ಲೋಟ ಚಹಾ ಕುಡಿದು ಮಳೆಯಲ್ಲಿಯೇ ಹೊರಟುಹೋದರು.

ಆದ್ದರಿಂದ ದೀಪ ಕೊಳ್ಳುವಾಗ ಅದು ಎಷ್ಟು ಗಂಟೆ ಉರಿಯುತ್ತದೆ ಎಂದು ಕೇಳುವುದಕ್ಕಿಂತ, ಒಮ್ಮೆ ಬರಿದಾದ ಮೇಲೆ ಅದನ್ನು ಹೇಗೆ ತುಂಬಿಸುವುದು ಎಂದು ಕೇಳುವುದು ನಮ್ಮಂಥವರಿಗೆ ಹೆಚ್ಚು ಮುಖ್ಯ. ಹಿಂದೆ ಈ ಪ್ರಶ್ನೆ ಇರಲಿಲ್ಲ. ಲಾಟೀನಿಗೂ ಚಿಮಣಿ ಬುಡ್ಡಿಗೂ ಸೀಮೆಎಣ್ಣೆ ಹೊಯ್ದರೆ ಮುಗಿಯಿತು. ಮದುವೆ, ತಿಥಿಗಳಿಗೆ ಅಟ್ಟದಿಂದ ಗ್ಯಾಸ್‌ಲೈಟು ಇಳಿಯುತ್ತಿತ್ತು. ನಮ್ಮ ನ್ಯಾಯಬೆಲೆ ಅಂಗಡಿಗೆ ಸೀಮೆಎಣ್ಣೆ ಬರುವುದು ನಿಂತು ವರ್ಷಗಳೇ ಆದವು. ಮೇಣದ ಬತ್ತಿ ಇದೆ, ಆದರೆ ಒಂದು ಬತ್ತಿಯ ಬೆಳಕು ಸುಮಾರು 12 ಲ್ಯೂಮೆನ್ ಮಾತ್ರ; 9 ವ್ಯಾಟಿನ ಎಲ್‌ಇಡಿ ಬಲ್ಬು 800 ಲ್ಯೂಮೆನ್ನಿನ ಆಸುಪಾಸು ಕೊಡುತ್ತದೆ. ಗಾಳಿಗೆ ಪರದೆ ಹಾರುವ, ಅಟ್ಟದ ತುಂಬ ಒಣಹುಲ್ಲು ತುಂಬಿರುವ ಮನೆಯಲ್ಲಿ ತೆರೆದ ಉರಿಯನ್ನು ನೆಚ್ಚಿಕೊಂಡು ಮಲಗುವುದು ನನಗೆ ಸಮ್ಮತವಲ್ಲ.

ನಾನು ಮೊದಲು ಕೊಂಡದ್ದು ಹಿಡಿಕೆಯಿರುವ, ಗೋಡೆಗೆ ನೇತುಹಾಕಬಹುದಾದ ಬಿಳಿಯ ಎಮರ್ಜೆನ್ಸಿ ಲೈಟು. ಅದರೊಳಗೆ 6 ವೋಲ್ಟಿನ, 4.5 ಆಂಪಿಯರ್-ಅವರ್ ಸಾಮರ್ಥ್ಯದ ಸೀಸ-ಆಮ್ಲದ ಸಣ್ಣ ಬ್ಯಾಟರಿ ಇತ್ತು. ಮಳೆಗಾಲ ಮುಗಿದ ಮೇಲೆ ಅದನ್ನು ಒರೆಸಿ, ಜೋಪಾನವಾಗಿ ಕಪಾಟಿನಲ್ಲಿಟ್ಟೆ. ಆ ಜೋಪಾನವೇ ಅದನ್ನು ಕೊಂದಿತು. ಸೀಸ-ಆಮ್ಲದ ಬ್ಯಾಟರಿಯನ್ನು ಬಳಸದೆ ಇಟ್ಟರೂ ಅದರ ಚಾರ್ಜು ತಾನಾಗಿ ಸೋರುತ್ತ ಹೋಗುತ್ತದೆ, ಪೂರ್ತಿ ಬರಿದಾಗಿ ಹಾಗೆಯೇ ಉಳಿದರೆ ಅದರ ತಗಡುಗಳ ಮೇಲೆ ಸೀಸದ ಸಲ್ಫೇಟಿನ ಹರಳುಗಳು ಗಟ್ಟಿಯಾಗಿ ಕೂರುತ್ತವೆ, ಆಮೇಲೆ ಎಷ್ಟು ಹೊತ್ತು ಚಾರ್ಜಿಗೆ ಹಾಕಿದರೂ ಅದು ಹಿಡಿದುಕೊಳ್ಳುವುದಿಲ್ಲ. ಮರುವರ್ಷ ಗುಂಡಿ ಒತ್ತಿದಾಗ ಎರಡು ನಿಮಿಷ ಮಿಣುಕಿ ಆರಿತು. ಇಂಥ ದೀಪವಿದ್ದವರು ಬೇಸಿಗೆ ಚಳಿ ಎನ್ನದೆ ತಿಂಗಳಿಗೊಮ್ಮೆ ಅದನ್ನು ಚಾರ್ಜಿಗೆ ಹಾಕಬೇಕು. ಲಿಥಿಯಂ ಬ್ಯಾಟರಿಯ ದೀಪಗಳು ಈ ವಿಷಯದಲ್ಲಿ ಹೆಚ್ಚು ತಾಳಿಕೊಳ್ಳುತ್ತವೆ.

ಎರಡನೆಯದು ಈಚೆಗೆ ಎಲ್ಲರ ಮನೆಯಲ್ಲೂ ಕಾಣುವ ಇನ್ವರ್ಟರ್ ಬಲ್ಬು. ಹೋಲ್ಡರಿನಲ್ಲಿಯೇ ಇದ್ದು, ಕರೆಂಟು ಹೋದ ಕೂಡಲೇ ತನ್ನೊಳಗಿನ ಲಿಥಿಯಂ ಸೆಲ್ಲಿನಿಂದ ತಾನೇ ಉರಿಯುತ್ತದೆ. ಸುಮಾರು 2200 ಮಿಲಿಆಂಪಿಯರ್-ಅವರ್‌ನ ಒಂದು ಸೆಲ್ಲಿನಲ್ಲಿ 8 ವ್ಯಾಟ್-ಅವರ್ ಶಕ್ತಿ (ಒಂದು ವ್ಯಾಟಿನ ದೀಪ ಎಂಟು ಗಂಟೆ ಉರಿಯುವಷ್ಟು) ಇರುವುದರಿಂದ, ಬೆಳಕನ್ನು ತಗ್ಗಿಸಿಕೊಂಡು ಮೂರು ನಾಲ್ಕು ಗಂಟೆ ನಿಲ್ಲುತ್ತದೆ. ಬಚ್ಚಲಿಗೂ ಅಡುಗೆಮನೆಗೂ ಇದು ಒಳ್ಳೆಯದು ಎಂದು ಹಾಕಿಸಿದೆ. ಆದರೆ ಗುಡುಗು ಕೇಳಿದೊಡನೆ ಮೀಟರ್ ಬೋರ್ಡಿನ ಎಂಸಿಬಿ ಸ್ವಿಚ್ಚುಗಳನ್ನು ಒಂದೊಂದಾಗಿ ಇಳಿಸುವುದು ನಮ್ಮ ಮನೆಯ ರೂಢಿ. ಹಾಗೆ ಇಳಿಸಿದ ಸಂಜೆ ಬಲ್ಬು ಉರಿಯಲೇ ಇಲ್ಲ. ಬಲ್ಬು ಕೆಟ್ಟಿತೆಂದು ಬಿಚ್ಚಿ ಕೈಯಲ್ಲಿ ಹಿಡಿದರೆ, ಅಂಗೈಯಲ್ಲಿಯೇ ಪಳಕ್ಕೆಂದು ಹೊತ್ತಿಕೊಂಡಿತು! ಕಾರಣ ಸರಳ. ಆ ಬಲ್ಬು ತನ್ನ ಎರಡು ತುದಿಗಳ ನಡುವೆ ಮನೆಯ ಬೇರೆ ಉಪಕರಣಗಳ ಮೂಲಕವೋ ಹೊರಗಿನ ಲೈನಿನ ಮೂಲಕವೋ ಒಂದು ದಾರಿ ಇದೆಯೇ ಎಂದು ನೋಡುತ್ತದೆ; ದಾರಿ ಇದ್ದರೆ “ಸ್ವಿಚ್ ಹಾಕಿದೆ, ಕರೆಂಟು ಮಾತ್ರ ಹೋಗಿದೆ” ಎಂದು ತಿಳಿದು ಉರಿಯುತ್ತದೆ, ದಾರಿ ಕಡಿದಿದ್ದರೆ ಯಾರೋ ಸ್ವಿಚ್ ಆರಿಸಿದ್ದಾರೆಂದು ಸುಮ್ಮನಿರುತ್ತದೆ. ಎಂಸಿಬಿ ಇಳಿಸಿದಾಗ ಆ ದಾರಿ ಕಡಿಯುತ್ತದೆ. ಬೆರಳುಗಳು ಎರಡೂ ತುದಿಗೆ ತಾಗಿದಾಗ ನನ್ನ ಕೈಯೇ ಆ ದಾರಿಯಾಯಿತು. ಸಿಡಿಲಿಗೆ ಹೆದರಿ ಕರೆಂಟು ಇಳಿಸುವ ಮನೆಗಳವರು ಇದನ್ನು ತಿಳಿದಿರಬೇಕು. ಕರೆಂಟು ಬಂದು ನಾಲ್ಕಾರು ಗಂಟೆ ನಿಲ್ಲದಿದ್ದರೆ ಈ ಬಲ್ಬು ಮರುದಿನಕ್ಕೆ ಒದಗುವುದೂ ಇಲ್ಲ.

ಹಾಗಾದರೆ ದೊಡ್ಡ ಇನ್ವರ್ಟರ್ ಹಾಕಿಸಿದರೆ ಮುಗಿಯಿತಲ್ಲ ಎಂದು ನಾನೂ ತಿಳಿದಿದ್ದೆ. 12 ವೋಲ್ಟ್, 150 ಆಂಪಿಯರ್-ಅವರ್‌ನ ಟ್ಯೂಬುಲರ್ ಬ್ಯಾಟರಿಯಲ್ಲಿ ಲೆಕ್ಕಕ್ಕೆ 1800 ವ್ಯಾಟ್-ಅವರ್ ಇದೆ. ಬ್ಯಾಟರಿ ಬಾಳಿಕೆ ಬರಬೇಕಾದರೆ ಅರ್ಧದಷ್ಟನ್ನು ಮಾತ್ರ ಬಳಸಬೇಕು, ಇನ್ವರ್ಟರಿನಲ್ಲಿ ಆಗುವ ನಷ್ಟ ಕಳೆದರೆ ಕೈಗೆ ಸಿಗುವುದು 700 ಚಿಲ್ಲರೆ. ನಾಲ್ಕು ಎಲ್‌ಇಡಿ ಬಲ್ಬು ಮತ್ತು ಇಂಟರ್ನೆಟ್ಟಿನ ರೂಟರ್ ಸೇರಿ 46 ವ್ಯಾಟ್. ಸಂಜೆ ಐದು ಗಂಟೆ ಉರಿಸಿದರೆ 230. ಮಳೆಗಾಲದಲ್ಲಿ ಫ್ಯಾನು ಬೇಡ. ಮೂರು ಸಂಜೆ ಕಳೆಯಬೇಕಲ್ಲವೇ? ನಮ್ಮಲ್ಲಿ ಎರಡನೆಯ ಸಂಜೆಗೇ ಕೀಂ ಕೀಂ ಎಂದು ಅರಚಲು ಶುರುಮಾಡಿತು. ಯಾರೂ ಏನನ್ನೂ ಬಳಸದ ಹಗಲಿನಲ್ಲಿಯೂ ಇನ್ವರ್ಟರು ತಾನು ಎಚ್ಚರವಾಗಿರುವುದಕ್ಕೆಂದೇ 10ರಿಂದ 20 ವ್ಯಾಟ್ ತಿನ್ನುತ್ತದೆ ಎಂಬುದನ್ನು ನಾನು ಲೆಕ್ಕಕ್ಕೆ ಹಿಡಿದಿರಲಿಲ್ಲ. 15 ಎಂದು ಹಿಡಿದರೂ ದಿನಕ್ಕೆ 360 ವ್ಯಾಟ್-ಅವರ್, ಅಂದರೆ ನಮ್ಮ ದೀಪಗಳಿಗಿಂತ ಹೆಚ್ಚು. ಈಗ ಮಲಗುವಾಗ ಇನ್ವರ್ಟರಿನ ಮುಂದಿನ ಸ್ವಿಚ್ಚನ್ನು ಆರಿಸಿ, ಸಂಜೆ ದೀಪ ಹಚ್ಚುವ ಹೊತ್ತಿಗೆ ಹಾಕುತ್ತೇವೆ.

ತುಂಬಿಸುವ ಕಥೆ ಬೇರೆಯೇ ಇದೆ. ಅಷ್ಟು ದೊಡ್ಡ ಬ್ಯಾಟರಿ ಬರಿದಾದರೆ ತುಂಬಲು ಹತ್ತು ಹನ್ನೆರಡು ಗಂಟೆ ಬೇಕು. ಮಳೆಗಾಲದಲ್ಲಿ ಕರೆಂಟು ನಡುವೆ ಒಂದೆರಡು ಗಂಟೆ ಬಂದು ಮುಖ ತೋರಿಸಿ ಹೋಗುತ್ತದೆ. ಬಂದಾಗಲೂ ಲೈನಿನ ಕೊನೆಯ ಮನೆಗಳಲ್ಲಿ ವೋಲ್ಟೇಜು 160ಕ್ಕೆ ಇಳಿದಿರುತ್ತದೆ. ಹೆಚ್ಚಿನ ಇನ್ವರ್ಟರುಗಳ ಹಿಂಭಾಗದಲ್ಲಿ ಯುಪಿಎಸ್ ಎಂದೂ ನಾರ್ಮಲ್ ಅಥವಾ ಇಕೋ ಎಂದೂ ಬರೆದಿರುವ ಒಂದು ಸಣ್ಣ ಗುಂಡಿ ಇರುತ್ತದೆ. ಕಂಪ್ಯೂಟರಿಗೆಂದು ಇರುವ ಯುಪಿಎಸ್ ಸ್ಥಿತಿಯಲ್ಲಿದ್ದರೆ ಸುಮಾರು 180 ವೋಲ್ಟಿಗಿಂತ ಕಡಿಮೆಯ ಕರೆಂಟನ್ನು ಅದು ಕರೆಂಟೆಂದು ಒಪ್ಪುವುದೇ ಇಲ್ಲ. ಪಕ್ಕದ ಮನೆಯಲ್ಲಿ ಮಂಕಾಗಿಯಾದರೂ ಬಲ್ಬು ಉರಿಯುತ್ತಿರುವಾಗ ನಮ್ಮ ಬ್ಯಾಟರಿ ಖಾಲಿಯಾಗುತ್ತಲೇ ಇರುತ್ತದೆ. ಇನ್ನೊಂದು ಸ್ಥಿತಿಯಲ್ಲಿ ಅದು ಸುಮಾರು 100 ವೋಲ್ಟಿನವರೆಗೂ ಸ್ವೀಕರಿಸುತ್ತದೆ. ಕೂರಿಸಿಕೊಟ್ಟವರು ಇದನ್ನು ಹೇಳಲಿಲ್ಲ. ಮನೆಯಲ್ಲಿ ಡೆಸ್ಕ್‌ಟಾಪ್ ಕಂಪ್ಯೂಟರ್ ಇಲ್ಲದವರು ಆ ಗುಂಡಿಯನ್ನು ಇವತ್ತೇ ನೋಡುವುದು ಲೇಸು.

ಬ್ಯಾಟರಿಗೆ ಡಿಸ್ಟಿಲ್ಡ್ ವಾಟರನ್ನೇ ಹಾಕಬೇಕು. ಹಂಚಿನ ಮಾಡಿನಿಂದ ಹರಿಯುವ ನೀರು ಎಷ್ಟೇ ತಿಳಿಯಾಗಿ ಕಂಡರೂ ಆಗದು. ನಮ್ಮ ಕಡೆ ಟಾರ್ಚನ್ನು ಬ್ಯಾಟರಿ ಎಂದೇ ಕರೆಯುವುದರಿಂದ, “ಬ್ಯಾಟರಿಗೆ ನೀರು ಹಾಕಬೇಕು” ಎಂದು ನಾನು ಹೇಳಿದಾಗ ಅಮ್ಮ ಮೊಳೆಗೆ ನೇತುಹಾಕಿದ್ದ ತನ್ನ ಟಾರ್ಚನ್ನು ತೆಗೆದು ಸೆರಗಿನಲ್ಲಿ ಮುಚ್ಚಿಟ್ಟುಕೊಂಡಿದ್ದಳು.

ಸೋಲಾರ್ ದೀಪ ಬೇಸಿಗೆಗೆ ಚೆನ್ನ. ಆಷಾಢದಲ್ಲಿ ಹಗಲೇ ಮುಸ್ಸಂಜೆಯಂತಿರುವಾಗ, ಅದರ ಮೇಲೆ ಅಡಿಕೆ ಸೋಗೆಯ ನೆರಳೂ ಬಿದ್ದಿರುವಾಗ, ಅದರ ಸಣ್ಣ ಪ್ಯಾನೆಲು ಇಡೀ ದಿನದಲ್ಲಿ ಗಳಿಸುವುದು ಹೇಳಿಕೊಳ್ಳುವಂತಿರುವುದಿಲ್ಲ. ಅದೇ ಮಳೆಯನ್ನು ದುಡಿಸಿಕೊಳ್ಳುವವರು ಗುಡ್ಡದ ಬುಡದ ಮನೆಗಳವರು: 20 ಮೀಟರ್ ಎತ್ತರದಿಂದ ಸೆಕೆಂಡಿಗೆ 8 ಲೀಟರ್ ನೀರು ಪೈಪಿನಲ್ಲಿ ಇಳಿದು ಬಂದರೆ, ಕಿರು ಟರ್ಬೈನಿನಿಂದ ಸುಮಾರು ಒಂದು ಕಿಲೋವ್ಯಾಟ್ ಸಿಗುತ್ತದೆ, ಅದೂ ಹಗಲು ರಾತ್ರಿ. ನಮ್ಮ ಹಳ್ಳಕ್ಕೆ ಅಂಥ ಇಳಿಜಾರಿಲ್ಲ. ಇದ್ದವರ ಮೇಲೆ ನನಗೆ ಸ್ವಲ್ಪ ಹೊಟ್ಟೆಕಿಚ್ಚಿದೆ ಎಂದು ಒಪ್ಪಿಕೊಳ್ಳುತ್ತೇನೆ.

ಕೊನೆಗೆ ನಮ್ಮನ್ನು ಕಾಪಾಡಿದ್ದು ಯಾರೂ ತುರ್ತು ದೀಪವೆಂದು ಮಾರದ ಸಾಮಾನು: 10,000 ಮಿಲಿಆಂಪಿಯರ್-ಅವರ್‌ನ ಎರಡು ಪವರ್ ಬ್ಯಾಂಕು, ಅವಕ್ಕೆ ಸಿಕ್ಕಿಸುವ ಒಂದು ವ್ಯಾಟಿನ ಪುಟ್ಟ ಯುಎಸ್‌ಬಿ ದೀಪಗಳು. ಒಂದು ಪವರ್ ಬ್ಯಾಂಕಿಗೆ ಅಂಥ ದೀಪ ಇಪ್ಪತ್ತು ಗಂಟೆಗೂ ಮೇಲೆ ಉರಿಯುತ್ತದೆ. ಊಟದ ಬಟ್ಟಲು ಕಾಣಲು, ಮಗಳು ಓದಲು, ರಾತ್ರಿ ಬಚ್ಚಲಿಗೆ ಹೋಗಿಬರಲು ಅಷ್ಟು ಬೆಳಕು ಧಾರಾಳ. ಹಾಲಿನ ಡೈರಿಗೆ, ಪೇಟೆಗೆ ಎಂದು ಯಾರು ಜೀಪಿನಲ್ಲಿ ಹೊರಟರೂ ಒಂದನ್ನು ಜೊತೆಗೆ ಕಳಿಸಿದರೆ ಅದು ದಾರಿಯಲ್ಲಿ ಒಂದಿಷ್ಟು ತುಂಬಿಕೊಂಡು ಬರುತ್ತದೆ. ಇಡೀ ಮನೆಯನ್ನು ಬೆಳಗುವ ಒಂದು ದೊಡ್ಡ ಏರ್ಪಾಡಿಗಿಂತ, ಬೇಕಾದಲ್ಲಿಗೆ ಎತ್ತಿಕೊಂಡು ಹೋಗಬಹುದಾದ ನಾಲ್ಕು ಸಣ್ಣ ದೀಪಗಳೇ ನಾಲ್ಕನೆಯ ದಿನ ಕೈಹಿಡಿಯುವುದು.

ಆದರೆ ಅಂಗಳಕ್ಕೆ ಇಳಿಯಲು ಅದು ಸಾಲದು. ಕಟ್ಟಿಗೆ ರಾಶಿಯ ಪಕ್ಕದಲ್ಲಿ ಕೊಳಕುಮಂಡಲ ಮಲಗಿರಬಹುದಾದ ಊರಿನಲ್ಲಿ ಹತ್ತು ಹೆಜ್ಜೆ ಮುಂದಕ್ಕೆ ಸ್ಪಷ್ಟವಾಗಿ ಬೀಳುವ ಬೆಳಕು ಬೇಕು, ಮೊಬೈಲಿನ ಬೆಳಕು ಆ ಕೆಲಸಕ್ಕೆ ಬಾರದು. ಒದ್ದೆ ಕೈಯಲ್ಲಿ ಜಾರದ, ಮಳೆನೀರು ಒಳಗಿಳಿಯದ ಒಂದು ಒಳ್ಳೆಯ ಟಾರ್ಚು ಪ್ರತಿ ಬಾಗಿಲಿನ ಪಕ್ಕದ ಮೊಳೆಯಲ್ಲಿ ಇರಲೇಬೇಕು. ಅದಕ್ಕೆ ಮಾತ್ರ ನಾನು ಬೆಲೆ ನೋಡುವುದಿಲ್ಲ.

ಈ ಸಲ ಉಳಿದಿರುವುದು ಕೊಟ್ಟಿಗೆ. ಅಲ್ಲಿ ಹಾಕಿರುವ ಬಿಳಿ ಬೆಳಕಿಗೆ ಮೊದಲ ಮಳೆಯ ರಾತ್ರಿ ರೆಕ್ಕೆಯ ಮಳೆಹುಳು ಮುತ್ತಿ, ಹಾಲು ಕರೆಯುವ ಚೊಂಬಿನೊಳಗೇ ಬೀಳುತ್ತವೆ. ಹಳದಿ ಬೆಳಕಿಗೆ ಅಷ್ಟು ಬರುವುದಿಲ್ಲವೆಂದು 2700 ಕೆಲ್ವಿನ್ ಎಂದು ಬರೆದಿರುವ ದೀಪವೊಂದನ್ನು ತಂದಿಟ್ಟಿದ್ದೇನೆ. ಅದರಲ್ಲಿ ಹಸುವಿನ ಕೆಚ್ಚಲು ಸರಿಯಾಗಿ ಕಾಣುವುದಿಲ್ಲ ಎಂದು ಅಮ್ಮ ಇನ್ನೂ ಒಪ್ಪಿಲ್ಲ.